ಮಕ್ಕಳ ಕ್ಲಬ್ಬಿನ ಹಳೇ ಆಟಗಾರರ ಪರಿಚಯ ಬರೆಯುವುದು ಹೇಗೆ?

ಪ್ರಶ್ನೆ, ಪಶ್ಚಿಮ ಸಿಡ್ನಿಯಿಂದ:

ಎಲ್ಲರಿಗೂ ನಮಸ್ಕಾರ. ಮಗ ಅಂಡರ್-12 ಆಡುತ್ತಿರುವ ಕ್ಲಬ್ಬಿಗೆ ಐವತ್ತು ವರ್ಷ ತುಂಬುತ್ತಿದೆ. ಸ್ಮರಣ ಸಂಚಿಕೆಗೆ ಹಳೇ ಆಟಗಾರರ ಪರಿಚಯ ಬರೆದುಕೊಡಿ ಅಂತ ಪೋಷಕರಿಗೆ ಹೇಳಿದ್ದಾರೆ. ಮಕ್ಕಳ ಪುಟಕ್ಕೆ, ಕ್ಲಬ್ ಕ್ರಿಕೆಟ್ಟಿನಿಂದ ಮೇಲೆ ಬಂದ ದೊಡ್ಡ ಆಟಗಾರರ ಬಗ್ಗೆಯೂ ನಾಲ್ಕು ಮಾತು ಬೇಕಂತೆ. ಎಲ್ಲಿಂದ ಶುರು ಮಾಡುವುದು, ಯಾರನ್ನು ಆರಿಸುವುದು? ತಿಳಿದವರು ಹೇಳಿ.

ಉತ್ತರ, ದಕ್ಷಿಣ ಸಿಡ್ನಿಯಿಂದ:

ಸರ್, ಮೊದಲು ಇಲ್ಲಿನ ಕ್ಲಬ್ಬಿನ ವ್ಯವಸ್ಥೆ ಅರ್ಥ ಮಾಡಿಕೊಳ್ಳಿ, ಬರೆಯುವುದು ಸುಲಭವಾಗುತ್ತದೆ. ಬೆಂಗಳೂರಿನ ಲೀಗಿನಲ್ಲಿ ಒಂದೊಂದು ಕ್ಲಬ್ಬು ಒಂದೊಂದು ಡಿವಿಷನ್ನಿನಲ್ಲಿರುತ್ತದೆ. ಸಿಡ್ನಿಯ ಗ್ರೇಡ್ ಕ್ರಿಕೆಟ್ಟಿನಲ್ಲಿ ಒಂದೇ ಕ್ಲಬ್ಬಿನೊಳಗೆ ಫಸ್ಟ್ ಗ್ರೇಡಿನಿಂದ ಫಿಫ್ತ್ ಗ್ರೇಡಿನವರೆಗೆ ತಂಡಗಳಿರುತ್ತವೆ. 1893-94ರಿಂದ ನಡೆದುಬಂದ ವ್ಯವಸ್ಥೆ ಇದು. ಟೆಸ್ಟ್ ಆಡಿ ಬಂದವನೂ ಹೈಸ್ಕೂಲು ಹುಡುಗನೂ ಒಂದೇ ನೆಟ್ಸಿಗೆ ಬರುತ್ತಾರೆ. 2018ರ ಸೆಪ್ಟೆಂಬರಿನಲ್ಲಿ, ಅಂತರರಾಷ್ಟ್ರೀಯ ಆಟದಿಂದ ನಿಷೇಧದಲ್ಲಿದ್ದಾಗ, ಸ್ಟೀವ್ ಸ್ಮಿತ್ ಸದರ್‌ಲ್ಯಾಂಡ್ ಕ್ಲಬ್ಬಿಗೆ ಮಾಸ್‌ಮನ್ ವಿರುದ್ಧ 85 ಹೊಡೆದ. ಅದೇ ದಿನ ಡೇವಿಡ್ ವಾರ್ನರ್ ಕೂಜಿ ಓವಲ್‌ನಲ್ಲಿ ರ‍್ಯಾಂಡ್‌ವಿಕ್ ಪೀಟರ್‌ಶಾಮ್‌ಗೆ ಔಟಾಗದೆ 155 ಮಾಡಿದ. ಎದುರಿಗೆ ಬೌಲ್ ಮಾಡಿದವರು ವಾರವಿಡೀ ಬೇರೆ ಕೆಲಸ ಮಾಡಿ ಶನಿವಾರ ಬಿಳಿ ಬಟ್ಟೆ ತೊಟ್ಟವರು. ಅಂಥವರ ಪರಿಚಯವೇ ನಿಮ್ಮ ಸಂಚಿಕೆಯ ಜೀವಾಳವಾಗಬೇಕು, ದೊಡ್ಡ ಹೆಸರುಗಳು ಒಗ್ಗರಣೆಗಿದ್ದರೆ ಸಾಕು.

ಎರಡನೆಯದು, ಪಂದ್ಯ ಎರಡು ಶನಿವಾರ ಹಂಚಿಹೋಗುವ ರೂಢಿ. ಈ ವಾರ ಒಬ್ಬರ ಬ್ಯಾಟಿಂಗ್, ಮುಂದಿನ ವಾರ ಇನ್ನೊಬ್ಬರದು. ನಮ್ಮ ಪೋಷಕರಿಗೆ ಇದು ಕಿರಿಕಿರಿ. ಒಂದು ವಾರ ಮಗ ಬರೀ ಪ್ಯಾಡ್ ಕಟ್ಟಿಕೊಂಡು ಕೂತು ವಾಪಸ್ ಬರುತ್ತಾನೆ. ಆದರೆ ಇಲ್ಲಿನ ಬಹಳಷ್ಟು ಒಳ್ಳೆಯ ಕಥೆಗಳು ಹುಟ್ಟಿದ್ದೇ ಆ ಏಳು ದಿನಗಳ ಅಂತರದಲ್ಲಿ. 1925ರಲ್ಲಿ ಬೌರಲ್ ಪರ ಹದಿಹರೆಯದ ಬ್ರಾಡ್‌ಮನ್, ವಿಂಗೆಲೋ ತಂಡದ ಬಿಲ್ ಓ'ರೈಲಿಯನ್ನು ಚಚ್ಚಿ ದಿನದ ಕೊನೆಗೆ ಔಟಾಗದೆ 234 ಮಾಡಿದ್ದ. ಮುಂದಿನ ಶನಿವಾರ ಓ'ರೈಲಿಯ ಮೊದಲನೇ ಎಸೆತಕ್ಕೇ ಬೌಲ್ಡ್. ಮುಂದೆ ಇಬ್ಬರೂ ಸೇಂಟ್ ಜಾರ್ಜ್ ಕ್ಲಬ್ಬಿಗೆ ಆಡಿದರು, ಒಟ್ಟಿಗೆ ಟೆಸ್ಟನ್ನೂ ಆಡಿದರು.

ಇನ್ನು ಮಕ್ಕಳ ಪುಟಕ್ಕೆ ಯಾರು? ನನ್ನ ಆಯ್ಕೆ ಸ್ಟುವರ್ಟ್ ಕ್ಲಾರ್ಕ್. ನಮ್ಮವರಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ, ಆತನ ತಾಯಿ ನಮ್ಮ ಕೋಲಾರ ಚಿನ್ನದ ಗಣಿ ಕಡೆಯವರು, ತಂದೆ ಚೆನ್ನೈನವರು. ಆಂಗ್ಲೋ ಇಂಡಿಯನ್ ಕುಟುಂಬ. ಕೆಜಿಎಫ್ ಬಿಟ್ಟು ಇಂಗ್ಲೆಂಡ್, ಆಸ್ಟ್ರೇಲಿಯಾ ಕಡೆ ಹೋದ ಆಂಗ್ಲೋ ಇಂಡಿಯನ್ ಮನೆತನಗಳು ಒಂದೆರಡಲ್ಲ. ಮಗ ಹುಟ್ಟಿದ್ದು ಸಿಡ್ನಿಯ ಸದರ್‌ಲ್ಯಾಂಡಿನಲ್ಲಿ, 1975ರಲ್ಲಿ, ಆಡಿದ್ದು ಸದರ್‌ಲ್ಯಾಂಡ್ ಕ್ಲಬ್ಬಿಗೆ. ನ್ಯೂ ಸೌತ್ ವೇಲ್ಸ್ ತಂಡಕ್ಕೆ ಬಂದ ಮೇಲೂ ವರ್ಷಗಟ್ಟಲೆ ಕಾದ. ಮನೆ, ಸೈಟು ಮಾರುವ ಏಜೆಂಟನಾಗಿಯೂ ದುಡಿದ. ಟೆಸ್ಟ್ ಟೋಪಿ ಸಿಕ್ಕಿದ್ದು 2006ರ ಮಾರ್ಚಿನಲ್ಲಿ, ಮೂವತ್ತು ದಾಟಿದ ಮೇಲೆ. ಕೇಪ್‌ಟೌನಿನ ಆ ಮೊದಲ ಟೆಸ್ಟಿನಲ್ಲೇ 55 ರನ್ನಿಗೆ 5 ವಿಕೆಟ್, ಮತ್ತೆ 34ಕ್ಕೆ 4. ಆ ಸರಣಿಯಲ್ಲಿ 20 ವಿಕೆಟ್, ಸರಣಿ ಶ್ರೇಷ್ಠ. ಅದೇ ವರ್ಷದ ಕೊನೆಗೆ ಶುರುವಾದ ಆಶಸ್‌ನಲ್ಲಿ 26 ವಿಕೆಟ್, ಎರಡೂ ತಂಡಗಳ ಬೌಲರುಗಳಲ್ಲಿ ಅತಿ ಹೆಚ್ಚು. ಒಟ್ಟು 24 ಟೆಸ್ಟ್, 94 ವಿಕೆಟ್. ಹತ್ತನೇ ವಯಸ್ಸಿಗೇ ಮಗ ಪ್ರತಿನಿಧಿ ತಂಡಕ್ಕೆ (ಹಲವು ಕ್ಲಬ್ಬುಗಳಿಂದ ಆರಿಸಿದ ತಂಡ) ಆಯ್ಕೆಯಾಗಲಿಲ್ಲ ಅಂತ ತಲೆ ಮೇಲೆ ಕೈ ಹೊತ್ತು ಕೂರುವ ಅಪ್ಪಂದಿರಿಗೆ ಈ ಇಸವಿಗಳನ್ನು ಓದಿ ಹೇಳಬೇಕು.

ಅದೇ ಕ್ಲಬ್ಬಿಗೆ ನ್ಯಾರೋಮೈನ್ ಎಂಬ ಊರಿನಿಂದ ಬಂದ ಗ್ಲೆನ್ ಮೆಕ್‌ಗ್ರಾ ಸಿಡ್ನಿಯಲ್ಲಿ ಮೊದಮೊದಲು ಇದ್ದದ್ದು ಕ್ಯಾರವಾನಿನಲ್ಲಿ. ಈಗ ಅವರ ಹೆಸರಿನ ಮೈದಾನವೇ ಇದೆ, ಸ್ಮಿತ್ 85 ಹೊಡೆದದ್ದು ಅಲ್ಲೇ.

ವೇಗದ ಬೌಲಿಂಗ್ ಮಾಡುವ ಮಕ್ಕಳಿದ್ದರೆ ಪ್ಯಾಟ್ ಕಮಿನ್ಸ್ ಬಗ್ಗೆ ಬರೆಯಿರಿ. ಬ್ಲೂ ಮೌಂಟನ್ಸ್‌ನ ಗ್ಲೆನ್‌ಬ್ರೂಕ್ ಬ್ಲ್ಯಾಕ್ಸ್‌ಲ್ಯಾಂಡ್ ಎಂಬ ಸಣ್ಣ ಕ್ಲಬ್ಬು, ಆಮೇಲೆ ಪೆನ್ರಿತ್. 2011ರ ನವೆಂಬರಿನಲ್ಲಿ 18ರ ಹುಡುಗ ಜೋಹಾನ್ಸ್‌ಬರ್ಗಿನಲ್ಲಿ 79ಕ್ಕೆ 6 ತೆಗೆದ. ಮುಂದಿನ ಟೆಸ್ಟ್ ಆಡಿದ್ದು 2017ರ ಮಾರ್ಚಿನಲ್ಲಿ. ನಡುವೆ ಹೋದದ್ದೆಲ್ಲ ಗಾಯಕ್ಕೆ, ಮುಖ್ಯವಾಗಿ ಬೆನ್ನಿನ ಮೂಳೆಗೆ. ಬೆಳೆಯುವ ವಯಸ್ಸಿನಲ್ಲಿ ಸೊಂಟದ ಹತ್ತಿರದ ಬೆನ್ನುಮೂಳೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಎಸೆಯುವಾಗ ಬೆನ್ನು ಹಿಂದಕ್ಕೆ ಬಾಗಿ, ಪಕ್ಕಕ್ಕೆ ವಾಲಿ, ತಿರುಚಿಕೊಳ್ಳುತ್ತದೆ. ಅದೇ ಜಾಗಕ್ಕೆ ಮತ್ತೆ ಮತ್ತೆ ಪೆಟ್ಟು ಬಿದ್ದು ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕೋಚ್ ಓವರ್ ಮಿತಿ ಹಾಕಿದಾಗ ಮುನಿಸಿಕೊಳ್ಳಬೇಡಿ. ತೊಂದರೆ ಎಲ್ಲಾಗುತ್ತದೆ ಅಂದರೆ, ಶನಿವಾರ ಕ್ಲಬ್ಬು, ಭಾನುವಾರ ಪ್ರತಿನಿಧಿ ತಂಡ, ವಾರದ ನಡುವೆ ಖಾಸಗಿ ಅಕಾಡೆಮಿ. ಮೂವರೂ ತಮ್ಮ ತಮ್ಮ ಮಿತಿಯೊಳಗೇ ಇರುತ್ತಾರೆ, ಮೂರನ್ನೂ ಕೂಡಿಸುವವರು ಯಾರೂ ಇರುವುದಿಲ್ಲ. ಅದು ಅಪ್ಪ ಅಮ್ಮಂದಿರ ಕೆಲಸ. ನೆಟ್ಸಿನ ಎಸೆತಗಳನ್ನೂ ಸೇರಿಸಿ ವಾರಕ್ಕೆ ಎಷ್ಟಾಯಿತು ಅಂತ ಫ್ರಿಜ್ಜಿನ ಮೇಲೆ ಚೀಟಿ ಅಂಟಿಸಿ.

ವೇಗದ ಬೌಲರ್ ಮಿಚೆಲ್ ಸ್ಟಾರ್ಕ್‌ನ ಒಂದೇ ಸಂಗತಿ ಸಾಕು: ಒಂಬತ್ತರ ವಯಸ್ಸಿನಲ್ಲಿ ಆತ ಕ್ಲಬ್ ಆಯ್ಕೆಗೆ ಹೋದದ್ದು ವಿಕೆಟ್ ಕೀಪರಾಗಿ. ಅಲ್ಲಿ ಇನ್ನೊಬ್ಬ ಕೀಪರ್ ಅಲಿಸಾ ಹೀಲಿ, ಮುಂದೆ ಆತನ ಹೆಂಡತಿ. ಎಂಟನೇ ವಯಸ್ಸಿಗೇ ಮಗನಿಗೆ ‘ಓಪನಿಂಗ್ ಬ್ಯಾಟ್ಸ್‌ಮನ್’ ಅಂತ ಹಣೆಪಟ್ಟಿ ಕಟ್ಟುವುದು ಬೇಡ. ಕಿರಿಯರ ನಿಯಮಗಳೂ ಇದನ್ನೇ ತಡೆಯಲು ಇರುವುದು. ಮೊದಲ ಹಂತದಲ್ಲಿ ತಂಡಕ್ಕೆ 7 ಜನ, ಪಿಚ್ 16 ಮೀಟರ್. ಎರಡನೇ ಹಂತದಲ್ಲಿ 9 ಜನ, 18 ಮೀಟರ್. ಮೂರನೆಯದರಲ್ಲಿ 11 ಜನ, ಪೂರ್ತಿ 20.1 ಮೀಟರ್. ಚಿಕ್ಕ ಪಿಚ್ಚಿನಲ್ಲಿ ವೈಡ್ ಕಡಿಮೆ, ಆದ್ದರಿಂದ ಬ್ಯಾಟ್ ಹಿಡಿದವನಿಗೆ ಹೊಡೆಯಲು ಚೆಂಡು ಸಿಗುತ್ತದೆ. ಎಲ್ಲರೂ ಬೌಲ್ ಮಾಡುತ್ತಾರೆ.

ಪ್ರಶ್ನೆ, ಬ್ರಿಸ್ಬೇನಿನ ಒಬ್ಬ ತಾಯಿಯಿಂದ:

ಎಲ್ಲ ಹುಡುಗರ ಮಾತೇ ಆಯಿತಲ್ಲ. ಮಗಳಿಗೆ ಹೇಳಲು ಯಾರಿದ್ದಾರೆ?

ಉತ್ತರ, ಮೆಲ್ಬರ್ನ್‌ನಿಂದ:

ಮೇಡಂ, ಬೆಟ್ಟಿ ವಿಲ್ಸನ್. ಹತ್ತನೇ ವಯಸ್ಸಿಗೆ ಮೆಲ್ಬರ್ನಿನ ಕಾಲಿಂಗ್‌ವುಡ್ ಮಹಿಳಾ ಕ್ಲಬ್ಬು ಸೇರಿದ ಹುಡುಗಿ. ಕಾಲುಚೀಲದಲ್ಲಿ ಚೆಂಡು ಹಾಕಿ, ಬಟ್ಟೆ ಒಣಹಾಕುವ ತಂತಿಗೆ ನೇತುಹಾಕಿ ಹೊಡೆದು ಅಭ್ಯಾಸ ಮಾಡಿದವರು. ಇವತ್ತಿಗೂ ಹಿತ್ತಲಲ್ಲಿ ಮಾಡಬಹುದಾದದ್ದು. ಚೆಂಡು ಮೊಣಕಾಲಿನ ಎತ್ತರದಲ್ಲಿರಲಿ. ಬ್ಯಾಟು ನೇರವಾಗಿ ಬಂದರೆ ಚೆಂಡು ನೇರ ಹೋಗಿ ನೇರ ಬರುತ್ತದೆ, ಅಡ್ಡ ಬೀಸಿದರೆ ಗಿರಗಿರ ಸುತ್ತುತ್ತದೆ. ತಪ್ಪು ತೋರಿಸಲು ಕೋಚ್ ಬೇಕಾಗಿಲ್ಲ. 1958ರ ಫೆಬ್ರುವರಿಯಲ್ಲಿ ಇಂಗ್ಲೆಂಡ್ ವಿರುದ್ಧ ಸೇಂಟ್ ಕಿಲ್ಡಾದ ಜಂಕ್ಷನ್ ಓವಲ್‌ನಲ್ಲಿ ಆಸ್ಟ್ರೇಲಿಯಾ 38ಕ್ಕೆ ಆಲೌಟ್. ತಿರುಗಿ ಇಂಗ್ಲೆಂಡ್ 35ಕ್ಕೆ. ಬೆಟ್ಟಿ 7 ರನ್ನಿಗೆ 7 ವಿಕೆಟ್, ಅದರಲ್ಲೊಂದು ಹ್ಯಾಟ್ರಿಕ್. ಎರಡನೇ ಇನ್ನಿಂಗ್ಸಿನಲ್ಲಿ ನೂರು ರನ್, ಮತ್ತೆ 9ಕ್ಕೆ 4. ಒಂದೇ ಟೆಸ್ಟಿನಲ್ಲಿ ಶತಕವನ್ನೂ ಹತ್ತು ವಿಕೆಟ್ಟನ್ನೂ ಪಡೆದ ಮೊದಲಿಗರು ಅವರೇ, ಗಂಡಸರನ್ನೂ ಸೇರಿಸಿ.

ಪುಣೆಯಲ್ಲಿ ಹುಟ್ಟಿ, ದತ್ತುಮಗುವಾಗಿ ಸಿಡ್ನಿ ತಲುಪಿದ ಲೀಸಾ ಸ್ಥಳೇಕರ್ ಇನ್ನೊಬ್ಬರು. ಏಕದಿನದಲ್ಲಿ 1000 ರನ್ನು, 100 ವಿಕೆಟ್ಟು ಎರಡನ್ನೂ ಮುಟ್ಟಿದ ಮೊದಲ ಮಹಿಳೆ. ಓದು ಹಾಳಾಗುತ್ತದೆ ಅನ್ನುವ ಮನೆಗಳಿಗೆ ಉಸ್ಮಾನ್ ಖವಾಜಾ: ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ ವಿಮಾನಯಾನದ ಪದವಿ ಮುಗಿಸಿ, ಪೈಲಟ್ ಪರವಾನಗಿಯನ್ನೂ ಪಡೆದು ಟೆಸ್ಟ್ ಆಡಿದವರು.

ಉತ್ತರ, ಅಡಿಲೇಡಿನಿಂದ (ಸ್ಕೋರ್‌ಬುಕ್ ಕೆಲಸ ಬಲ್ಲವರು):

ಯಾರ ಬಗ್ಗೆ ಎಂಬುದಾಯಿತು. ಅಂಕಿ ತೆಗೆಯುವ ಬಗೆ ಹೇಳುತ್ತೇನೆ, ಸಂಚಿಕೆಗಳು ನಗೆಪಾಟಲಾಗುವುದು ಅಲ್ಲೇ.

ಹಳೇ ಸ್ಕೋರ್‌ಬುಕ್ ಕೈಗೆ ಬಂದ ಕೂಡಲೇ ಪ್ರತಿ ಪುಟದ ಫೋಟೋ ತೆಗೆಯಿರಿ, ಪುಸ್ತಕದ ಬೆನ್ನು ಬಿಚ್ಚಲು ಹೋಗಬೇಡಿ. ಪ್ರತಿ ಇನ್ನಿಂಗ್ಸಿಗೂ ಎರಡು ತಾಳೆ ನೋಡಿ. ಒಂದು: ಬ್ಯಾಟರುಗಳ ರನ್ನು, ಇತರೆ ರನ್ನು ಕೂಡಿದರೆ ಮೊತ್ತ ಬರಬೇಕು. ಎರಡು: ಬೌಲರುಗಳು ಕೊಟ್ಟ ರನ್ನಿಗೆ ಬೈ, ಲೆಗ್ ಬೈ ಸೇರಿಸಿದರೆ ಅದೇ ಮೊತ್ತ ಬರಬೇಕು. ಹಳೇ ಪುಸ್ತಕದಲ್ಲಿ ಎರಡನೆಯದು ತಪ್ಪಿದರೆ ಗಾಬರಿ ಬೇಡ. 1980ರ ದಶಕದ ನಡುವಿನವರೆಗೆ ವೈಡು, ನೋಬಾಲುಗಳನ್ನು ಬೌಲರಿನ ಲೆಕ್ಕಕ್ಕೆ ಬರೆಯುತ್ತಿರಲಿಲ್ಲ. ಅವನ್ನೂ ಸೇರಿಸಿ ನೋಡಿ, ಕೂಡಿಬರುತ್ತದೆ. ಹಾಗಾಗಿ 1970ರ ದಶಕದ ಬೌಲರ್ ಸರಾಸರಿಯನ್ನು ಇಂದಿನವರ ಪಕ್ಕ ಇಟ್ಟು ‘ದಾಖಲೆ’ ಅನ್ನುವುದು ನ್ಯಾಯವಲ್ಲ.

ಇನ್ನೊಂದು ಗುಂಡಿ: ಆಸ್ಟ್ರೇಲಿಯಾದಲ್ಲಿ 1978-79ರವರೆಗೂ ಎಂಟು ಎಸೆತದ ಓವರ್ ನಡೆಯುತ್ತಿತ್ತು. ಓವರನ್ನು ಆರರಿಂದ ಗುಣಿಸಿದರೆ ಬೌಲರಿನ ಸ್ಟ್ರೈಕ್ ರೇಟ್ (ಎಷ್ಟು ಎಸೆತಕ್ಕೊಂದು ವಿಕೆಟ್ ಎಂಬ ಲೆಕ್ಕ) ಎಕ್ಕುಟ್ಟಿ ಹೋಗುತ್ತದೆ. ಮಕ್ಕಳಿಗೆ ಇದನ್ನು ಕಲಿಸಲು ಬ್ಲ್ಯಾಕ್‌ಹೀತ್ ಪಂದ್ಯಕ್ಕಿಂತ ಒಳ್ಳೆಯ ಲೆಕ್ಕ ಇಲ್ಲ. 1931ರ ನವೆಂಬರ್, ಬ್ಲೂ ಮೌಂಟನ್ಸ್‌ನಲ್ಲಿ ಹೊಸ ಪಿಚ್ಚಿನ ಉದ್ಘಾಟನೆ, ಎದುರಾಳಿ ಲಿಥ್‌ಗೋ. ಬ್ರಾಡ್‌ಮನ್ ಮೂರು ಓವರಿನಲ್ಲಿ ನೂರು ಹೊಡೆದ ಅನ್ನುತ್ತಾರಲ್ಲ, ಆ ಓವರುಗಳು ಹೀಗಿವೆ:

6, 6, 4, 2, 4, 4, 6, 1 = 33
6, 4, 4, 6, 6, 4, 6, 4 = 40
1, 6, 6, 1, 1, 4, 4, 6 = 29

ಒಟ್ಟು 102. ಮೂರನೇ ಓವರಿನ ಮೊದಲನೇ ಮತ್ತು ಐದನೇ ಎಸೆತದ ಒಂಟಿ ರನ್ನುಗಳು ಜೊತೆಗಾರ ವೆಂಡೆಲ್ ಬಿಲ್‌ನವು. ಅವೆರಡನ್ನು ಕಳೆದರೆ ಬ್ರಾಡ್‌ಮನ್‌ಗೆ 22 ಎಸೆತದಲ್ಲಿ ಸರಿಯಾಗಿ 100: ಹತ್ತು ಸಿಕ್ಸರ್, ಒಂಬತ್ತು ಬೌಂಡರಿ, ಎರಡು ರನ್ನಿನ ಹೊಡೆತ ಒಂದು, ಒಂಟಿ ರನ್ನು ಎರಡು. ದಿನದ ಕೊನೆಗೆ ಆತನ ಮೊತ್ತ 256. ಎಸೆತದ ಲೆಕ್ಕ ಇಟ್ಟಿದ್ದರಿಂದ ಇಂದಿಗೂ ತಾಳೆ ನೋಡಬಹುದು. ನಿಮ್ಮ ಕ್ಲಬ್ಬಿನ ಸ್ಕೋರರಿಗೂ ಅರ್ಧ ಪುಟದ ಪರಿಚಯ ಮೀಸಲಿಡಿ, ಬಹುತೇಕ ಸಂಚಿಕೆಗಳು ಅವರನ್ನೇ ಮರೆಯುತ್ತವೆ.

ಹೆಸರಿನ ವಿಷಯ ನಮ್ಮವರಿಗೆ ವಿಶೇಷ ತಲೆನೋವು. ಇನಿಷಿಯಲ್ ಬಿಡಿಸಿ ಬರೆದಾಗ ಅಪ್ಪನ ಹೆಸರು, ಊರಿನ ಹೆಸರು ಮನೆತನದ ಹೆಸರಿನ ಜಾಗಕ್ಕೆ ಹೋಗುತ್ತದೆ. ಒಂದು ವರ್ಷ ಹಾಗೆ, ಇನ್ನೊಂದು ವರ್ಷ ತಿರುವುಮುರುವಾಗಿ ನೋಂದಣಿಯಾದರೆ ಒಬ್ಬನೇ ಹುಡುಗ ದಾಖಲೆಯಲ್ಲಿ ಇಬ್ಬರಾಗುತ್ತಾನೆ. ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೇ ಪ್ರತಿ ವರ್ಷ ನಮೂದಿಸಿ. ಈಗಾಗಲೇ ಒಡೆದಿದ್ದರೆ ಕ್ಲಬ್ಬಿನ ನೋಂದಣಿ ನೋಡಿಕೊಳ್ಳುವವರಿಗೆ ಎರಡೂ ದಾಖಲೆ ತೋರಿಸಿ ಒಂದು ಮಾಡಿಸಿ. ಹಳಬರಲ್ಲಿ ಇದರ ಉಲ್ಟಾ: ಅಪ್ಪ, ಮಗ ಇಬ್ಬರದೂ ಒಂದೇ ಇನಿಷಿಯಲ್, ಇಬ್ಬರ ರನ್ನೂ ಒಬ್ಬನ ಖಾತೆಗೆ. ಮೂವತ್ತು ವರ್ಷ ಓಪನಿಂಗ್ ಮಾಡಿದವನು ಕಂಡರೆ ಅನುಮಾನಪಡಿ.

ಸರಾಸರಿಗೆ ರನ್ನನ್ನು ಇನ್ನಿಂಗ್ಸಿನಿಂದ ಭಾಗಿಸಬೇಡಿ, ಔಟಾದ ಸಲದಿಂದ ಭಾಗಿಸಿ. ಗ್ರೇಡುಗಳನ್ನು ಬೆರೆಸಬೇಡಿ. ಸಿಂಥೆಟಿಕ್ ಪಿಚ್ಚಿನ ರನ್ನೂ ಹುಲ್ಲಿನ ಪಿಚ್ಚಿನ ರನ್ನೂ ಬೇರೆ ಸಾಲಿನಲ್ಲಿರಲಿ. ಸಿಂಥೆಟಿಕ್ಕಿನಲ್ಲಿ ಪುಟಿತ ಒಂದೇ ಸಮ ಇರುವುದರಿಂದ ಹೊಡೆಯುವುದು ಸಲೀಸು.

ಪತ್ರಿಕೆ ಹುಡುಕಲು ರಾಷ್ಟ್ರೀಯ ಗ್ರಂಥಾಲಯದ ಟ್ರೋವ್ ಎಂಬ ಜಾಲತಾಣ ಉಚಿತ. ಹೆಚ್ಚಿನ ಪತ್ರಿಕೆಗಳು 1954ರವರೆಗೆ ಸಿಗುತ್ತವೆ, ಕ್ಯಾನ್‌ಬೆರಾ ಟೈಮ್ಸ್ 1995ರವರೆಗೆ. ಯಂತ್ರ ಓದಿದ ಅಕ್ಷರ ತಪ್ಪುವುದರಿಂದ ಆಟಗಾರನ ಹೆಸರಿಗಿಂತ ಮೈದಾನ, ಎದುರಾಳಿ ತಂಡ, ಇಸವಿ ಹಾಕಿ ಹುಡುಕಿ. 1903ರಲ್ಲಿ ಪ್ಯಾಡಿಂಗ್‌ಟನ್ ಪರ ರೆಡ್‌ಫರ್ನ್ ವಿರುದ್ಧ ವಿಕ್ಟರ್ ಟ್ರಂಪರ್ 335 ಹೊಡೆದದ್ದನ್ನು ಮೊದಲು ಹುಡುಕಿ ಕೈ ಪಳಗಿಸಿಕೊಳ್ಳಿ. ನಿಮ್ಮ ಕ್ಲಬ್ಬು 1970ರ ದಶಕದ್ದಾದರೆ ಟ್ರೋವ್ ಹೆಚ್ಚು ಕೊಡುವುದಿಲ್ಲ. ವಾರ್ಷಿಕ ವರದಿಗಳು, ಗೋಡೆಯ ಗೌರವ ಫಲಕ, ಊರಿನ ಲೈಬ್ರರಿಯ ಸ್ಥಳೀಯ ಇತಿಹಾಸ ವಿಭಾಗ, ಇವೇ ಗತಿ.

ಹಿರಿಯರನ್ನು ಮಾತಾಡಿಸಲು ಹೋಗುವಾಗ ಒಂದು ಸ್ಕೋರ್ ಪುಟದ ಪ್ರತಿ ಒಯ್ಯಿರಿ. ‘ನಿಮ್ಮ ನೆನಪು ಹೇಳಿ’ ಅಂದರೆ ಎರಡು ವಾಕ್ಯಕ್ಕೆ ಮುಗಿಯುತ್ತದೆ. ‘ಈ ದಿನ ನೀವು ಯಾಕೆ ಏಳನೆಯವರಾಗಿ ಇಳಿದಿರಿ?’ ಅಂದರೆ ಅರ್ಧ ಗಂಟೆ. ಪಿಚ್ ಕಾಂಕ್ರೀಟೋ ಮ್ಯಾಟೋ, ರೋಲರ್ ಯಾರು ಎಳೆಯುತ್ತಿದ್ದರು, ಟೀ ಯಾರ ಮನೆಯಿಂದ ಬರುತ್ತಿತ್ತು ಕೇಳಿ. ಅವರು ಹೇಳುವ ಘಟನೆ ಬರೆದುಕೊಳ್ಳಿ, ಅಂಕಿಯನ್ನು ಪುಸ್ತಕದಿಂದಲೇ ತೆಗೆಯಿರಿ. ಎರಡೂ ಹೊಂದದಿದ್ದರೆ ಅವರಿಗೆ ಮೊದಲೇ ತೋರಿಸಿ, ಅಚ್ಚಾದ ಮೇಲೆ ಮುಜುಗರವಾಗಬಾರದು.

ಹದಿನೆಂಟರೊಳಗಿನ ಮಕ್ಕಳ ಫೋಟೋ, ಹೆಸರು ಹಾಕುವ ಮುಂಚೆ ಪೋಷಕರ ಲಿಖಿತ ಒಪ್ಪಿಗೆ ಬೇಕು. ಒಬ್ಬೊಬ್ಬರಿಗೆ ಇನ್ನೂರೈವತ್ತು ಪದ ಸಾಕು. ಸೀಸನ್ ಮಾರ್ಚಿಗೆ ಮುಗಿಯುತ್ತದೆ. ವಾರ್ಷಿಕ ಸಭೆಗೆ ಆರು ವಾರ ಮೊದಲೇ ಕರಡು ಕೊಟ್ಟರೆ, ಹಳಬರು ಯಾರಾದರೂ ತಪ್ಪು ಹಿಡಿದರೂ ತಿದ್ದಲು ಸಮಯವಿರುತ್ತದೆ.