8,265 ಮತ ಹೆಚ್ಚಾದರೂ ಸೋಲು: ಚಿಕ್ಕಮಗಳೂರಲ್ಲಿ ಬಿಜೆಪಿ ಇನ್ನು ಯಾವ ದಾರಿ ಹಿಡಿಯಬೇಕು?

ಲಕ್ಯಾ ಬಯಲು (ಪ್ರಶ್ನೆ)

2023ರಲ್ಲಿ ಜಿಲ್ಲೆಯ ಐದಕ್ಕೆ ಐದೂ ಸೀಟು ಕಾಂಗ್ರೆಸ್ ಪಾಲಾಯಿತು. 2004ರಿಂದ ಸತತ ನಾಲ್ಕು ಸಲ ಗೆದ್ದಿದ್ದ ಬಿಜೆಪಿಯ ಸಿ.ಟಿ. ರವಿ, ಎಚ್.ಡಿ. ತಮ್ಮಯ್ಯನವರ ಎದುರು 5,926 ಮತಗಳಿಂದ ಸೋತರು. ಮೂಡಿಗೆರೆಯಲ್ಲಿ ಅಂತರ 722, ಶೃಂಗೇರಿಯಲ್ಲಿ ಬರೀ 201. ಒಂದೇ ವರ್ಷ ಕಳೆದು ಲೋಕಸಭೆ ಬಂದಾಗ ಉಡುಪಿ-ಚಿಕ್ಕಮಗಳೂರಿನಲ್ಲಿ ಅದೇ ಬಿಜೆಪಿ 2,59,175 ಮತಗಳಿಂದ ಗೆದ್ದಿತು.

ಈಗ ಪಕ್ಷದವರ ಬಾಯಲ್ಲಿ ಎರಡು ಮಾತು ಓಡಾಡ್ತಿವೆ. ಒಂದು, ಹಳೇ ಮುಖ ಸಾಕು, ಅಭ್ಯರ್ಥಿ ಬದಲಿಸಿ. ಇನ್ನೊಂದು, ಜೆಡಿಎಸ್ ಜೊತೆಗೆ ಬಂತಲ್ಲ, 2028 ಸಲೀಸು. ಎರಡಕ್ಕೂ ಆಧಾರ ಏನು ಅಂತ ಕೇಳಿದರೆ ಕೊನೆಗೆ ಯಾವುದೋ ಜಾತಿ ಲೆಕ್ಕಕ್ಕೆ ಬಂದು ನಿಲ್ಲುತ್ತೆ. ಬೂತ್ ಮಟ್ಟದ ಲೆಕ್ಕ ಇಟ್ಟುಕೊಂಡು ಇದನ್ನ ಪರೀಕ್ಷೆ ಮಾಡೋದು ಹೇಗೆ? ಅಂಕಿಅಂಶ ಎಲ್ಲಿ ಸಿಗುತ್ತೆ, ಎಲ್ಲಿ ಎಡವುತ್ತಾರೆ? ಯಾವ ಪಕ್ಷದ ಪರ ಅನ್ನೋ ಜಗಳ ಬೇಡ, ದಯವಿಟ್ಟು.

ಫಾರಂ ಇಪ್ಪತ್ತು

ಬೂತ್‌ಗೆ ಇಳಿಯೋ ಮೊದಲು ಕ್ಷೇತ್ರದ ಒಟ್ಟು ಲೆಕ್ಕ ನೋಡಿ, ಅರ್ಧ ಉತ್ತರ ಅಲ್ಲೇ ಇದೆ.

2018: ಬಿಜೆಪಿ 70,863, ಕಾಂಗ್ರೆಸ್ 44,549, ಜೆಡಿಎಸ್ 38 ಸಾವಿರದ ಆಸುಪಾಸು.
2023: ಕಾಂಗ್ರೆಸ್ 85,054, ಬಿಜೆಪಿ 79,128, ಜೆಡಿಎಸ್ ಲೆಕ್ಕಕ್ಕೇ ಇಲ್ಲ.

ಸೋತವರಿಗೆ ಗೆದ್ದ ವರ್ಷಕ್ಕಿಂತ 8,265 ಮತ ಹೆಚ್ಚು ಬಂದಿದೆ. ಕಾಂಗ್ರೆಸ್‌ಗೆ 40,505 ಹೆಚ್ಚಿದೆ. ಅಂದರೆ ಬಿಜೆಪಿಯ ಗಂಟು ಕರಗಲಿಲ್ಲ, ಎದುರಿನ ಎರಡು ಗಂಟು ಒಂದಾದವು. 2018ರ ಗೆಲುವು 26,314 ಮತಗಳದ್ದು ಅಂತ ಎದೆ ಉಬ್ಬಿಸಿದವರು ಆವತ್ತೇ ಒಂದು ಕೂಡಿಸುವ ಲೆಕ್ಕ ಮಾಡಿದ್ದರೆ ಸಾಕಿತ್ತು: ಎದುರಾಳಿಗಳಿಬ್ಬರ ಮೊತ್ತ ಆಗಲೇ 82 ಸಾವಿರ ದಾಟಿತ್ತು. ಹಾಗಾಗಿ "ಜನ ಅಭ್ಯರ್ಥಿಯನ್ನು ಕೈಬಿಟ್ಟರು" ಅನ್ನೋ ಮಾತು ಅರ್ಧ ಸತ್ಯ. ಕೈಬಿಟ್ಟ ಊರುಗಳು ಇರಬಹುದು, ಆದರೆ ಅವು ಯಾವುವು ಅಂತ ಬೂತ್ ನೋಡದೆ ಹೇಳಕ್ಕಾಗಲ್ಲ.

ಈಗ ಬೂತ್ ಲೆಕ್ಕ. ಬೇಕಾಗಿರೋದು ಫಾರಂ 20, ಅಂದರೆ ಮತಗಟ್ಟೆವಾರು ಅಂತಿಮ ಫಲಿತಾಂಶ ಪಟ್ಟಿ. ರಾಜ್ಯದ ಮುಖ್ಯ ಚುನಾವಣಾಧಿಕಾರಿಗಳ ವೆಬ್‌ಸೈಟ್‌ನಲ್ಲಿ ಕ್ಷೇತ್ರವಾರು ಸಿಗುತ್ತೆ. ಚಿಕ್ಕಮಗಳೂರು 125, ಮೂಡಿಗೆರೆ 124, ಶೃಂಗೇರಿ 123. ಸ್ಕ್ಯಾನ್ ಪ್ರತಿಯಾಗಿದ್ದರೆ ಎಕ್ಸೆಲ್‌ಗೆ ಕೈಯಲ್ಲೇ ಟೈಪ್ ಮಾಡಬೇಕು. ಇಬ್ಬರು ಕೂತು, ಒಬ್ಬರು ಓದಿ ಒಬ್ಬರು ಹೊಡೆದರೆ ತಪ್ಪು ಕಡಿಮೆ. ಪ್ರತಿ ಪುಟದ ಕೊನೆಗೆ ಮೊತ್ತ ತಾಳೆ ನೋಡಿಯೇ ಮುಂದಿನ ಪುಟಕ್ಕೆ ಹೋಗಿ.

ಎಡವೋ ಜಾಗ ಮುಖ್ಯವಾಗಿ ಇವು:

ಬೂತ್ ನಂಬರ್ ನಂಬಬೇಡಿ. ಎರಡು ಚುನಾವಣೆ ನಡುವೆ ಹೊಸ ಬೂತ್ ಸೇರಿ, ಕೆಲವು ಒಂದಾಗಿ, ನಂಬರ್ ಎಲ್ಲಾ ಸರಿದಿರುತ್ತೆ. 2018ರ 60ನೇ ಬೂತನ್ನ 2023ರ 60ರ ಪಕ್ಕ ಇಟ್ಟರೆ ಬೇರೆ ಬೇರೆ ಊರು ಹೋಲಿಸಿದ ಹಾಗೆ. ಮತಗಟ್ಟೆ ಪಟ್ಟಿಯಲ್ಲಿರೋ ಶಾಲೆ ಹೆಸರು, ಊರ ಹೆಸರು ಹಿಡಿದು ಹೊಂದಿಸಿ. ಒಂದೇ ಶಾಲೆಯ ಎರಡು ಕೊಠಡಿಯಲ್ಲಿ ಎರಡು ಬೂತ್ ಇದ್ದರೆ ಕೂಡಿಸಿ ಒಂದು ಮಾಡಿ. ಆಮೇಲೆ ಗ್ರಾಮ ಪಂಚಾಯಿತಿವಾರು, ನಗರದಲ್ಲಿ ವಾರ್ಡ್‌ವಾರು ಗುಂಪು ಮಾಡಿ.

ತಾಲ್ಲೂಕು ಬೇರೆ, ಕ್ಷೇತ್ರ ಬೇರೆ. ಗಡಿ ಎರಡಕ್ಕೂ ಒಂದೇ ಅಲ್ಲ. 2008ಕ್ಕಿಂತ ಹಿಂದಕ್ಕೆ ಹೋಗಲೇಬೇಡಿ, ಆಗ ಬೀರೂರು ಅಂತಲೇ ಒಂದು ಕ್ಷೇತ್ರ ಇತ್ತು.

ಶೇಕಡಾವಾರು ಮಾತ್ರ ನೋಡಬೇಡಿ. ತೋಟದ ಲೈನ್‌ಗಳ ಸುತ್ತಲಿನ ಸಣ್ಣ ಬೂತಲ್ಲಿ 30 ಮತ ಆಚೀಚೆ ಆದರೂ ಶೇಕಡಾ ಹಾರಿಬಿಡುತ್ತೆ. ಮತಗಳ ಸಂಖ್ಯೆಯನ್ನೇ ಇಟ್ಟುಕೊಳ್ಳಿ: ಚಲಾವಣೆ (ಒಟ್ಟು ಬಿದ್ದ ಮತ) ಎಷ್ಟು ಹೆಚ್ಚಾಯ್ತು, ನಮ್ಮದು ಎಷ್ಟು, ಎದುರಾಳಿಯದು ಎಷ್ಟು, ಮೂರನೆಯವರದು ಎಷ್ಟು.

ಉದಾಹರಣೆಗೆ ಒಂದು ಊರಲ್ಲಿ ಚಲಾವಣೆ 60 ಹೆಚ್ಚಿ, ನಮ್ಮದು 15 ಏರಿ, ಮೂರನೆಯವರದು 140 ಇಳಿದು, ಎದುರಾಳಿಯದು 185 ಏರಿದೆ ಅಂದುಕೊಳ್ಳಿ. ಅಲ್ಲಿ ನಮ್ಮ ಕಾರ್ಯಕರ್ತರನ್ನ ಬೈದು ಪ್ರಯೋಜನ ಇಲ್ಲ. ಅದೇ ಪಕ್ಕದೂರಲ್ಲಿ ಮೂರನೆಯವರದು ಇದ್ದಲ್ಲೇ ಇದ್ದು ನಮ್ಮದು 90 ಇಳಿದಿದ್ದರೆ, ಹೋಗಿ ಕೂತು ಮಾತಾಡಬೇಕಾದ ಊರು ಅದು. ಕ್ಷೇತ್ರದಲ್ಲಿ ಇಂಥ ಊರು 20-30 ಸಿಕ್ಕಾವು. ಅವೇ ನಿಮ್ಮ ಕೆಲಸದ ಪಟ್ಟಿ.

ಇನ್ನೊಂದು ಎಚ್ಚರಿಕೆ. ಇದು ಮೊತ್ತದ ಲೆಕ್ಕ, ಯಾರ ಮತ ಯಾರಿಗೆ ಹೋಯ್ತು ಅನ್ನೋದಕ್ಕೆ ಸಾಕ್ಷಿ ಅಲ್ಲ. ಬೂತ್‌ವಾರು ಫಲಿತಾಂಶ ಬಹಿರಂಗವಾಗಿ ಸಿಗುತ್ತೆ ಅಂತ ಊರಿಗೆ ಹೋಗಿ "ನೀವು ನಮಗೆ ಹಾಕಲಿಲ್ಲ" ಅಂತ ಹಂಗಿಸೋದು, ರಸ್ತೆ ಕೆಲಸ ತಡೆಯೋದು ನಡೀತಾ ಇದೆ. ಆ ಒಂದು ಮಾತಿಗೆ ಮುಂದಿನ ಚುನಾವಣೆಯಲ್ಲಿ ಇಡೀ ಊರು ಕೈತಪ್ಪುತ್ತೆ.

ತುಂಗಾ ತೀರ

ಶೃಂಗೇರಿ ಲೆಕ್ಕ ಬೇರೆ ಮಾರಾಯ್ರೆ. ಕಾಂಗ್ರೆಸ್ಸಿನ ಟಿ.ಡಿ. ರಾಜೇಗೌಡರು ಬಿಜೆಪಿಯ ಡಿ.ಎನ್. ಜೀವರಾಜ್ ವಿರುದ್ಧ 2018ರಲ್ಲಿ ಗೆದ್ದದ್ದೂ ಕೂದಲೆಳೆಯಲ್ಲೇ, 1,989ರಲ್ಲಿ. ಮುಂದಿನ ಸಲ 201. ಇಷ್ಟು ಸಣ್ಣ ಅಂತರಕ್ಕೆ ಸಿದ್ಧಾಂತ, ಅಲೆ, ಜಾತಿ ಅಂತ ಭಾಷಣ ಬಿಗಿಯೋದು ದಂಡ. ಇಲ್ಲಿ ನೋಡಬೇಕಾದ್ದು ಸಣ್ಣ ಕೆಲಸಗಳನ್ನ.

ಅಂಚೆ ಮತಗಳನ್ನೇ ತಗೊಳ್ಳಿ. ಫಾರಂ 20ರ ಕೊನೆಯಲ್ಲಿ ಅದರ ಮೊತ್ತ ಬೇರೆಯೇ ಇರುತ್ತೆ, ಬೂತ್‌ಗೆ ಸೇರಲ್ಲ, ಹಾಗಾಗಿ ಯಾರೂ ಕಣ್ಣು ಹಾಯಿಸಲ್ಲ. 2023ರಲ್ಲಿ 80 ದಾಟಿದವರಿಗೆ ಮನೆಯಿಂದಲೇ ಮತ ಹಾಕೋ ಅವಕಾಶ ಇತ್ತು, 2024ಕ್ಕೆ ಅದು 85 ಆಯ್ತು. ಅದಕ್ಕೆ ಫಾರಂ 12ಡಿ ಮೊದಲೇ, ಅಧಿಸೂಚನೆ ಬಂದ ಐದು ದಿನದೊಳಗೆ ಕೊಡಬೇಕು. ಕೊಪ್ಪ, ನರಸಿಂಹರಾಜಪುರದ ಕಡೆ ಮನೆ ಮನೆಗೆ ಅರ್ಧ ಮೈಲಿ. ಅಜ್ಜ ಅಜ್ಜಿಯರ ಪಟ್ಟಿ ಕೈಲಿ ಇಲ್ಲದ ಪಕ್ಷಕ್ಕೆ ಐದು ದಿನದಲ್ಲಿ ಏನೂ ಮಾಡಕ್ಕಾಗಲ್ಲ. ಚುನಾವಣಾ ಕೆಲಸಕ್ಕೆ ಹೋದ ನೌಕರರ ಅಂಚೆ ಮತ ತಿರಸ್ಕಾರ ಆಗೋದು ಹೆಚ್ಚಾಗಿ 13ಎ ಘೋಷಣೆಗೆ ಸಹಿಯೋ ದೃಢೀಕರಣವೋ ಇಲ್ಲದೆ, ಇಲ್ಲಾ ಘೋಷಣೆಯನ್ನ ಮತಪತ್ರದ ಲಕೋಟೆಯೊಳಗೇ ತುರುಕಿದ್ದಕ್ಕೆ.

ಎಣಿಕೆ ದಿನಕ್ಕೂ ಒಂದು ಮಾತು. ಗೆಲುವಿನ ಅಂತರಕ್ಕಿಂತ ತಿರಸ್ಕೃತ ಅಂಚೆ ಮತಗಳ ಸಂಖ್ಯೆ ಹೆಚ್ಚಿದ್ದರೆ, ಫಲಿತಾಂಶ ಘೋಷಿಸೋ ಮೊದಲು ಚುನಾವಣಾಧಿಕಾರಿ ಅವನ್ನೆಲ್ಲ ಮತ್ತೆ ಪರಿಶೀಲಿಸಲೇಬೇಕು ಅಂತ ಆಯೋಗದ ಸೂಚನೆ ಇದೆ. ಅಂಚೆ ಮತದ ಮೇಜಿಗೆ ಹುರುಪಿನ ಹುಡುಗರನ್ನಲ್ಲ, ನಿಯಮ ಓದಿದವರನ್ನ ಏಜೆಂಟಾಗಿ ಕೂರಿಸಿ. ಮರುಎಣಿಕೆ ಬೇಕಿದ್ದರೆ ಘೋಷಣೆಗೆ ಮೊದಲೇ, ಕಾರಣ ಕೊಟ್ಟು, ಬರವಣಿಗೆಯಲ್ಲಿ ಕೇಳಬೇಕು. ಘೋಷಣೆ ಆದಮೇಲೆ ಉಳಿಯೋದು ಹೈಕೋರ್ಟಿಗೆ ತಕರಾರು ಅರ್ಜಿ, ಅದಕ್ಕೂ 45 ದಿನದ ಗಡುವು. ಆ ಅರ್ಜಿ ಎಷ್ಟು ವರ್ಷ ಎಳೀಬಹುದು ಅಂತ ಬಿಡಿಸಿ ಹೇಳಬೇಕಾ?

ಮತದಾನದ ಸಂಜೆ ಬೂತ್ ಏಜೆಂಟರಿಗೆ ಕೊಡೋ 17ಸಿ (ಬೂತಲ್ಲಿ ಬಿದ್ದ ಮತಗಳ ಲೆಕ್ಕದ ಫಾರಂ) ಪ್ರತಿಗಳನ್ನ ಫೈಲ್ ಮಾಡಿ ಇಡಿ. ಯಾವ ಬೂತಿಂದ 17ಸಿ ಬರಲಿಲ್ಲವೋ ಅಲ್ಲಿ ನಿಮ್ಮ ಏಜೆಂಟ್ ಕೊನೇವರೆಗೆ ಕೂತಿರಲಿಲ್ಲ ಅಂತಲೇ ಲೆಕ್ಕ. ಆತ್ಮಾವಲೋಕನ ಸಭೆಗೆ ಬರೋ ಹತ್ತು ಭಾಷಣಕ್ಕಿಂತ ಈ ಫೈಲ್ ಹೆಚ್ಚು ಹೇಳುತ್ತೆ.

ಹೇಮಾವತಿ ಎಡದಂಡೆ

ಹಾಸನದ ಕಡೆಯಿಂದ ಎರಡು ಮಾತು.

ಸೋತವರನ್ನ ಬದಲಿಸಬೇಕಾ ಅನ್ನೋದಕ್ಕೆ ಪಕ್ಕದ ಜಿಲ್ಲೆಯ ಉದಾಹರಣೆ ಇದೆ. 2023ರಲ್ಲಿ ಹೊಳೆನರಸೀಪುರದಲ್ಲಿ ಜೆಡಿಎಸ್ಸಿನ ಎಚ್.ಡಿ. ರೇವಣ್ಣನವರ ಎದುರು ಶ್ರೇಯಸ್ ಪಟೇಲ್ 3,152 ಮತದಿಂದ ಸೋತರು. ಕಾಂಗ್ರೆಸ್ ಅವರನ್ನ ಮೂಲೆಗೆ ತಳ್ಳಲಿಲ್ಲ, ಮರುವರ್ಷ ಲೋಕಸಭೆಗೆ ನಿಲ್ಲಿಸಿತು, 42,649 ಮತದಿಂದ ಗೆದ್ದರು. 1999ರಲ್ಲಿ ಅವರ ತಾತ ಪುಟ್ಟಸ್ವಾಮಿಗೌಡರು ದೇವೇಗೌಡರನ್ನ ಸೋಲಿಸಿದ ಮೇಲೆ ಹಾಸನ ಲೋಕಸಭೆ ಕಾಂಗ್ರೆಸ್‌ಗೆ ಮತ್ತೆ ಸಿಕ್ಕಿದ್ದು 2024ರಲ್ಲೇ. 2024ರ ಗೆಲುವಿಗೆ ಬೇರೆ ಕಾರಣಗಳೂ ಇದ್ದವು, ಅದು ಎಲ್ಲರಿಗೂ ಗೊತ್ತು. ಆದರೆ ಒಂದು ವರ್ಷ ಊರೂರು ತಿರುಗಿದ ಹೆಸರು ಸಿದ್ಧವಾಗಿ ಇತ್ತಲ್ಲ, ಅದು ಮುಖ್ಯ. ದೇವೇಗೌಡರೂ 1989ರಲ್ಲಿ ಹೊಳೆನರಸೀಪುರದಲ್ಲೇ ಸೋತು 1991ಕ್ಕೆ ಹಾಸನದಿಂದ ಸಂಸದರಾದವರು.

ಹಾಗಂತ ಬದಲಿಸಲೇಬಾರದು ಅಂತಲ್ಲ. ಮೂಡಿಗೆರೆ ನೋಡಿ. ಹಾಲಿ ಶಾಸಕ ಎಂ.ಪಿ. ಕುಮಾರಸ್ವಾಮಿಯವರಿಗೆ ಬಿಜೆಪಿ ಟಿಕೆಟ್ ತಪ್ಪಿಸಿತು, ಅವರು ಜೆಡಿಎಸ್‌ನಿಂದ ನಿಂತು ಮೂರನೆಯವರಾದರು, ಬಿಜೆಪಿಯ ದೀಪಕ್ ದೊಡ್ಡಯ್ಯ 722 ಮತದಿಂದ ನಯನಾ ಮೋಟಮ್ಮನವರಿಗೆ ಸೋತರು. ಮುಖ ಬದಲಿಸಿದ್ದು ತಪ್ಪೋ ಸರಿಯೋ ಅನ್ನೋ ಚರ್ಚೆ ಇರಲಿ. ಬದಲಿಸೋ ಮಾತನ್ನ ನಾಮಪತ್ರದ ವಾರಕ್ಕೆ ತಂದದ್ದು ತಪ್ಪು. ಎರಡು ವರ್ಷ ಮೊದಲೇ ಹೇಳಿ, ಹಳಬರಿಗೆ ಬೇರೆ ಜಾಗ ತೋರಿಸಿದ್ದರೆ ಬಂಡಾಯಕ್ಕೆ ಅಷ್ಟು ಮತ ಹೋಗುತ್ತಿರಲಿಲ್ಲ. ಹಾಸನ ನಗರದಲ್ಲಿ ಜೆಡಿಎಸ್ ಟಿಕೆಟ್ ಜಗ್ಗಾಟ ಮನೆಯೊಳಗೇ ನಡೆದರೂ ಕೊನೆಗೆ ಸ್ವರೂಪ್ ಪ್ರಕಾಶ್ ಒಬ್ಬರೇ ಕಣದಲ್ಲಿ ಉಳಿದರು, ಬಿಜೆಪಿಯ ಪ್ರೀತಂ ಗೌಡರ ಎದುರು 7,854ರಲ್ಲಿ ಗೆದ್ದರು.

ಈಗ ಮೈತ್ರಿ. 2023ರ ಸೆಪ್ಟೆಂಬರ್‌ನಲ್ಲಿ ಜೆಡಿಎಸ್-ಬಿಜೆಪಿ ಕೈ ಜೋಡಿಸಿದವು. ಆದರೆ ಚಿಕ್ಕಮಗಳೂರು ಕ್ಷೇತ್ರದಲ್ಲಿ ಜೋಡಿಸೋಕೆ ಏನು ಉಳಿದಿದೆ? ಮೇಲಿನ ಲೆಕ್ಕವೇ ಹೇಳುತ್ತೆ, ಆ 38 ಸಾವಿರ ಮೈತ್ರಿಗೆ ಮೊದಲೇ ಜಾಗ ಖಾಲಿ ಮಾಡಿತ್ತು. ಶೃಂಗೇರಿ, ಮೂಡಿಗೆರೆ, ಕಡೂರಲ್ಲಿ ಜೆಡಿಎಸ್ ಮತ ಇನ್ನೂ ಉಂಟು, ಅಲ್ಲಿ ಮೈತ್ರಿಗೆ ಬೆಲೆ ಇದೆ. ಚಿಕ್ಕಮಗಳೂರಲ್ಲಿ ಅದೇ ಮಂತ್ರ ಹೇಳಿಕೊಂಡು ಕೂತರೆ ಮಂತ್ರಕ್ಕೆ ಮಾವಿನಕಾಯಿ ಉದುರಲ್ಲ.

ಫಾರಂ ಇಪ್ಪತ್ತು

@ಹೇಮಾವತಿ ಎಡದಂಡೆ, ಒಪ್ಪಿದೆ. ಲೋಕಸಭೆ ಅಂತರ ನೋಡಿ ನೆಮ್ಮದಿ ಪಡೋರಿಗೂ ಇದೇ ಮಾತು. 2013ರಲ್ಲಿ ರಾಜ್ಯದಲ್ಲಿ ಕಾಂಗ್ರೆಸ್ 122 ಗೆದ್ದು, 2014ರಲ್ಲಿ ಬಿಜೆಪಿ 17 ಲೋಕಸಭಾ ಸೀಟು ತಗೊಂಡಿತ್ತು. 2023ರಲ್ಲಿ ಕಾಂಗ್ರೆಸ್ 135, 2024ರಲ್ಲಿ ಬಿಜೆಪಿ ಮತ್ತೆ 17. ಮತದಾರ ಎರಡು ತಕ್ಕಡಿ ಇಟ್ಟುಕೊಂಡಿದ್ದಾನೆ. ವಿಧಾನಸಭೆಯನ್ನ ವಿಧಾನಸಭೆ ಜೊತೆಗೇ ತೂಗಿ. ಇನ್ನೊಂದು, ಕಡೂರು ಸೇರೋದು ಹಾಸನ ಲೋಕಸಭೆಗೆ. ಉಡುಪಿ-ಚಿಕ್ಕಮಗಳೂರಿನ ಅಂತರದಲ್ಲಿ ಅದರ ಪಾಲೇ ಇಲ್ಲ.

ಏಲಕ್ಕಿ ಗಿಡ

ಅಂಕಿ ಎಲ್ಲಾ ಸರಿ. ಪಕ್ಷದ ನಿಜವಾದ ತೊಂದರೆ ಏಣಿ ಮುರಿದಿರೋದು ಅಂತ ನನ್ನ ಲೆಕ್ಕ, ಮತ್ತೆ ಇದು ಮೂರೂ ಪಕ್ಷಕ್ಕೆ ಅನ್ವಯ. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗೆ 2016ರಲ್ಲಿ ಚುನಾವಣೆ ಆಯ್ತು, 2021ರಲ್ಲಿ ಅವಧಿ ಮುಗಿದು ಆಡಳಿತಾಧಿಕಾರಿ ಕೈಗೆ ಹೋಯ್ತು. ಶಾಸಕರಾಗೋ ಮುಂಚೆ ಜನ ಒಬ್ಬರನ್ನ ತೂಗಿ ನೋಡ್ತಿದ್ದ ಜಾಗ ಅದೇ. ಅದಿಲ್ಲದೆ ಎರಡನೇ ಸಾಲಿನವರನ್ನ ಎಲ್ಲಿಂದ ತರ್ತೀರಿ? ಫ್ಲೆಕ್ಸ್‌ನಿಂದ. ಉಳಿದಿರೋದು ಸಹಕಾರ ಸಂಘ, ಹಾಲಿನ ಡೇರಿ, ಚಿಹ್ನೆ ಇಲ್ಲದ ಗ್ರಾಮ ಪಂಚಾಯಿತಿ. ಅಲ್ಲಿ ಗೆದ್ದು ಎರಡು ವರ್ಷ ಲೆಕ್ಕಪತ್ರ ನೆಟ್ಟಗೆ ಇಟ್ಟವರ ಹೆಸರು ಹೋಬಳಿಗೆ ಐದರಂತೆ ಬರೆದಿಡಿ. ಟಿಕೆಟ್ ಚರ್ಚೆ ಅಲ್ಲಿಂದ ಶುರುವಾಗಲಿ.

ಸೋತ ಅಭ್ಯರ್ಥಿ ಜನರಿಂದ ದೂರ ಆಗೋದೂ ಇಂಥ ಕಡೆಯೇ. ಬಗರ್‌ಹುಕುಂ ಸಮಿತಿಗೆ ಶಾಸಕರೇ ಅಧ್ಯಕ್ಷರು. ಸೋತ ದಿನದಿಂದ ಫಾರಂ 57ರ (ಸರ್ಕಾರಿ ಜಮೀನಿನ ಸಾಗುವಳಿ ಸಕ್ರಮದ) ಅರ್ಜಿ ಹಿಡಿದವರು ಆ ಕಡೆ ಬಾಗಿಲಿಗೆ ಹೋಗ್ತಾರೆ, ಸಹಜ. ಸೋತವರ ಕಚೇರಿ ಮಾಡಬಹುದಾದ್ದು ಇಷ್ಟು: ಅರ್ಜಿ ಸಂಖ್ಯೆ, ಸರ್ವೆ ನಂಬರ್, ಎಲ್ಲಿ ನಿಂತಿದೆ (ಸರ್ವೆಯಲ್ಲೋ, ಅರಣ್ಯ ಇಲಾಖೆ ತಕರಾರಿನಲ್ಲೋ, ಸಮಿತಿ ಮುಂದೋ), ಈ ಮೂರು ಕಲಂನ ಒಂದು ಪುಸ್ತಕ. ಅರಣ್ಯ ಕಾಯ್ದೆಯ ಸೆಕ್ಷನ್ 4, ಡೀಮ್ಡ್ ಫಾರೆಸ್ಟ್ (ಕಾಡು ಅಂತಲೇ ಪರಿಗಣಿಸಿದ ಜಾಗ) ಅಂತ ಬಿದ್ದ ಜಮೀನಿಗೆ ಸಮಿತಿ ಕೂಡ ಏನೂ ಮಾಡಕ್ಕಾಗಲ್ಲ. ಅದನ್ನ ಮೊದಲೇ ನೇರವಾಗಿ ಹೇಳಿಬಿಡಬೇಕು. "ಮಾಡಿಸಿಕೊಡ್ತೀನಿ" ಅಂದವರ ಮೇಲೆ ಮಲೆನಾಡಿನಲ್ಲಿ ಇರೋ ಸಿಟ್ಟು ಯಾವ ಸಮೀಕ್ಷೆಗೂ ಸಿಗಲ್ಲ.

ದಿಕ್ಕು ಅಂತ ಕೇಳಿದ್ದೀರಿ. ಈ ಜಿಲ್ಲೆಯಲ್ಲಿ ಒಂದೇ ಭಾಷಣ ಎಲ್ಲಾ ಕಡೆ ನಡೆಯಲ್ಲ. ಮೂಡಿಗೆರೆಯಲ್ಲಿ ಕಾಡಾನೆ, ಕೊಪ್ಪ-ಶೃಂಗೇರಿಯಲ್ಲಿ ಅಡಿಕೆಯ ಹಳದಿ ಎಲೆ ರೋಗ ಮತ್ತು ಎಲೆಚುಕ್ಕಿ, ಕಡೂರು-ತರೀಕೆರೆ ಬಯಲಿಗೆ ಕೆರೆ ತುಂಬೋ ನೀರು. ಬಾಬಾಬುಡನ್‌ಗಿರಿ ದತ್ತಪೀಠದ ವಿಚಾರ ಬಿಜೆಪಿಗೆ ಇಲ್ಲಿ ನೆಲೆ ಕೊಟ್ಟಿತು, ನಿಜ. ಆ ಮತ 2023ರಲ್ಲೂ ಅಲ್ಲಾಡಿಲ್ಲ, 79 ಸಾವಿರ ಅಂದರೆ ಅದೇ. ಅದನ್ನೇ ಇನ್ನಷ್ಟು ಜೋರಾಗಿ ಹೇಳಿದರೆ ಹೊಸ ಮತ ಎಲ್ಲಿಂದ ಬರುತ್ತೆ ಅನ್ನೋದು ಪ್ರಶ್ನೆ.

ಲಕ್ಯಾ ಬಯಲು

ಎಲ್ಲರಿಗೂ ವಂದನೆ. ಮತದಾರರ ಪಟ್ಟಿ ಕೆಲಸ ಯಾವಾಗ ಶುರು ಮಾಡೋದು? ಚುನಾವಣೆ ವರ್ಷಕ್ಕೆ ಸಾಕಾ?

ಫಾರಂ ಇಪ್ಪತ್ತು

ಸಾಕಾಗಲ್ಲ. ಪ್ರತಿ ಬೂತ್‌ಗೆ ಪಕ್ಷದ ಏಜೆಂಟ್ ಒಬ್ಬರನ್ನ ಈಗಲೇ ನೇಮಿಸಿ, ಬಿಎಲ್ಒ (ಬೂತ್ ಮಟ್ಟದ ಚುನಾವಣಾ ಅಧಿಕಾರಿ) ಪರಿಚಯ ಮಾಡಿಸಿ. ಚುನಾವಣೆ ಹತ್ತಿರ ಬಂದಾಗ ಒಟ್ಟಿಗೆ ಕಟ್ಟು ಕಟ್ಟು ಅರ್ಜಿ ತಂದರೆ ತಗೊಳ್ಳಲ್ಲ, ಪಕ್ಷದ ಏಜೆಂಟರ ಕೈಯಿಂದ ಸಾಮಾನ್ಯವಾಗಿ ದಿನಕ್ಕೆ 10ರ ಮಿತಿ ಇದೆ. ಹೊಸ ಹೆಸರಿಗೆ ಫಾರಂ 6, ತೆಗೆಯೋದಕ್ಕೆ 7, ವಿಳಾಸ ಬದಲು ಮತ್ತು ತಿದ್ದುಪಡಿಗೆ 8. 18 ತುಂಬೋ ಅರ್ಹತಾ ದಿನಾಂಕ ಈಗ ವರ್ಷಕ್ಕೆ ನಾಲ್ಕು: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ 1. ಪಿಯುಸಿ ಮುಗಿಸಿ ಬೆಂಗಳೂರು ಬಸ್ ಹತ್ತೋ ಮುಂಚೆ ಹೆಸರು ಸೇರಿಸಿ. ಹತ್ತಿದ ಮೇಲೆ ಅವರು ಊರಿಗೆ ಬರೋದು ಹಬ್ಬಕ್ಕೆ.