ಡೆಸ್ಕ್‌ಟಾಪ್ ವಾರಕ್ಕೆ ಮೂರು ಸಲ ಕ್ರ್ಯಾಶ್: ರ‍್ಯಾಮ್ ತೊಂದರೆಯೋ, ಎಸ್‌ಎಂಪಿಎಸ್ ತೊಂದರೆಯೋ?

ಬೇಲಿಹೂ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಮನೆಯ ಡೆಸ್ಕ್‌ಟಾಪ್ ಪದೇಪದೇ ಕ್ರ್ಯಾಶ್ ಆಗ್ತಿದೆ. ಮೂರು ವಾರದ ಹಿಂದೆ ಫಾರ್ಮ್ಯಾಟ್ ಮಾಡಿ ವಿಂಡೋಸ್ 11 ಹೊಸದಾಗಿ ಹಾಕಿದ್ದಾಯ್ತು. ಆಮೇಲೂ 9 ಸಲ ಆಗಿದೆ.

ರೈಜನ್ 5 3600, ಬಿ450 ಮದರ್‌ಬೋರ್ಡ್, ಜಿಟಿಎಕ್ಸ್ 1660 ಸೂಪರ್, 500 ಜಿಬಿ ಎನ್‌ವಿಎಂಇ ಎಸ್‌ಎಸ್‌ಡಿ, 450 ವ್ಯಾಟ್ ಎಸ್‌ಎಂಪಿಎಸ್ (ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬ, 6 ವರ್ಷ ಹಳೆಯದು). ಮೊದಲು 8 ಜಿಬಿಯ ಎರಡು ರ‍್ಯಾಮ್ ಇತ್ತು, ಡಿಡಿಆರ್4 3200. ಎರಡು ತಿಂಗಳ ಹಿಂದೆ ಬೇರೆ ಕಂಪನಿಯ 8 ಜಿಬಿಯ ಇನ್ನೆರಡು ಸೇರಿಸಿದೆ, ಅವು 3600 ಅಂತ ಬರೆದಿರೋವು. ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಪೊಟ್ಟಣದ ಮೇಲಿನ ವೇಗದಲ್ಲಿ ಓಡಿಸೋ ಸೆಟ್ಟಿಂಗ್) ಆನ್ ಇದೆ, 3200ರಲ್ಲಿ ಓಡ್ತಿದೆ. ಮನೆಗೆಲ್ಲ ಇನ್ವರ್ಟರ್ ಇದೆ, ಕಂಪ್ಯೂಟರೂ ಅದರ ಮೇಲೇ.

ಕೆಲವೊಮ್ಮೆ ನೀಲಿ ಪರದೆ ಬರುತ್ತೆ, ಓದೋದರೊಳಗೆ ರೀಸ್ಟಾರ್ಟ್. ಕೆಲವೊಮ್ಮೆ ಪರದೆ ಸೀದಾ ಕಪ್ಪಾಗಿ ಮತ್ತೆ ಆನ್ ಆಗುತ್ತೆ. ಇನ್ನೊಂದು, ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತೆ. ಸರ್ವಿಸ್ ಅಂಗಡಿಯಲ್ಲಿ ನೋಡಿದೊಡನೆ ಬೋರ್ಡ್ ಬದಲಾಯಿಸಬೇಕು ಅಂದರು. ಅಷ್ಟು ದುಡ್ಡು ಹಾಕೋ ಮುಂಚೆ ನಾವೇ ಏನೇನು ನೋಡಬಹುದು?

ಸೊನ್ನೆಒಂದು:

ಬೋರ್ಡ್ ಮಾತು ಈಗಲೇ ಬೇಡ. ನೀವು ಬರೆದಿದ್ದರಲ್ಲಿ ಎರಡು ಬೇರೆ ಬೇರೆ ಕ್ರ್ಯಾಶ್ ಇವೆ. ನೀಲಿ ಪರದೆ ಬಂತು ಅಂದರೆ ವಿಂಡೋಸ್ ತಪ್ಪನ್ನು ಕಂಡು ತಾನೇ ನಿಲ್ಲಿಸಿದೆ. ಏನೂ ಹೇಳದೆ ಕಪ್ಪಾಯಿತು ಅಂದರೆ ವಿಂಡೋಸ್‌ಗೆ ಬರೆದಿಡಲೂ ಪುರುಸೊತ್ತು ಸಿಕ್ಕಿಲ್ಲ, ಕರೆಂಟೇ ಕಡಿದಂತೆ ಆಗಿದೆ. ಒಂಬತ್ತನ್ನೂ ಒಂದೇ ರಾಶಿಗೆ ಹಾಕಿದರೆ ಕಾರಣ ಸಿಗೋದಿಲ್ಲ. ಮೊದಲು ವಿಂಗಡಿಸಿ.

ಇವೆಂಟ್ ವ್ಯೂವರ್ (ವಿಂಡೋಸ್ ನಡೆದದ್ದನ್ನು ಬರೆದಿಡುವ ಜಾಗ) ತೆರೆದು ವಿಂಡೋಸ್ ಲಾಗ್ಸ್, ಅದರೊಳಗೆ ಸಿಸ್ಟಮ್. ಬಲಗಡೆ ಫಿಲ್ಟರ್‌ನಲ್ಲಿ 41 ಅಂತ ಕೊಡಿ. ಕರ್ನಲ್-ಪವರ್ ಹೆಸರಿನ ಸಾಲುಗಳು ಬರುತ್ತವೆ. 41 ಅನ್ನೋದು ಕಾರಣವಲ್ಲ, ಸರಿಯಾಗಿ ಶಟ್‌ಡೌನ್ ಆಗಿಲ್ಲ ಅನ್ನೋ ಟಿಪ್ಪಣಿ ಅಷ್ಟೆ. ಬೇಕಾದ್ದು ಡೀಟೇಲ್ಸ್ ಟ್ಯಾಬ್‌ನಲ್ಲಿದೆ. ಅಲ್ಲಿ ಬಗ್‌ಚೆಕ್‌ಕೋಡ್ ಎದುರು ಇರುವ ಸಂಖ್ಯೆ ಬರೆದುಕೊಳ್ಳಿ. ಅದು ದಶಮಾನದಲ್ಲಿರುತ್ತೆ: 10 ಅಂದರೆ ಐಆರ್‌ಕ್ಯೂಎಲ್ ನಾಟ್ ಲೆಸ್, 26 ಅಂದರೆ ಮೆಮೊರಿ ಮ್ಯಾನೇಜ್‌ಮೆಂಟ್, 59 ಅಂದರೆ ಸಿಸ್ಟಮ್ ಸರ್ವಿಸ್ ಎಕ್ಸೆಪ್ಷನ್, 80 ಅಂದರೆ ಪೇಜ್ ಫಾಲ್ಟ್, 292 ಅಂದರೆ ಹಾರ್ಡ್‌ವೇರೇ ದೂರು ಕೊಟ್ಟಿದೆ ಅಂತ. ಸೊನ್ನೆ ಇದ್ದರೆ ಕಪ್ಪು ಪರದೆಯ ಗುಂಪು.

ಅದರ ಕೆಳಗೆ ಪವರ್‌ಬಟನ್‌ಟೈಮ್‌ಸ್ಟ್ಯಾಂಪ್ ಅಂತ ಇನ್ನೊಂದು ಸಾಲಿದೆ. ಅದು ಸೊನ್ನೆ ಅಲ್ಲದಿದ್ದರೆ ಯಾರೋ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿದ್ದಾರೆ ಅಂತ. ಹ್ಯಾಂಗ್ ಆದಾಗ ನೀವೇ ಆಫ್ ಮಾಡಿದ್ದನ್ನು ಎಸ್‌ಎಂಪಿಎಸ್ ಲೆಕ್ಕಕ್ಕೆ ಬರೆಯಬೇಡಿ.

ಮುಂದಿನ ಸಲಕ್ಕೆ ತಯಾರಿ: ಸಿಸ್ಟಮ್ ಪ್ರಾಪರ್ಟೀಸ್, ಅಡ್ವಾನ್ಸ್ಡ್ ಟ್ಯಾಬ್, ಸ್ಟಾರ್ಟಪ್ ಅಂಡ್ ರಿಕವರಿ. ಅಲ್ಲಿ ಆಟೊಮ್ಯಾಟಿಕ್ ರೀಸ್ಟಾರ್ಟ್ ಟಿಕ್ ತೆಗೆಯಿರಿ, ನೀಲಿ ಪರದೆ ನಿಲ್ಲುತ್ತೆ, ಫೋಟೊ ತೆಗೆದುಕೊಳ್ಳಬಹುದು. ಡಂಪ್ (ಕ್ರ್ಯಾಶ್ ಆದ ಕ್ಷಣದ ದಾಖಲೆ) ಜಾಗದಲ್ಲಿ ಸ್ಮಾಲ್ ಮೆಮೊರಿ ಡಂಪ್ ಆರಿಸಿ. ಪೇಜ್‌ಫೈಲ್ ಸಿ ಡ್ರೈವ್‌ನಲ್ಲೇ ಇರಲಿ, ಅದಿಲ್ಲದಿದ್ದರೆ ಡಂಪ್ ಬರೆಯೋದಿಲ್ಲ. ಡಂಪ್‌ನಲ್ಲಿ ಪ್ರತಿ ಸಲವೂ ಒಂದೇ ಡ್ರೈವರ್ ಫೈಲ್ ಹೆಸರು ಬಂದರೆ ಆ ಡ್ರೈವರ್ ಮೇಲೆ ಅನುಮಾನ. ಕೋಡೂ ಬೇರೆ, ಫೈಲೂ ಬೇರೆ, ದಿನಕ್ಕೊಂದು ಅಂತ ಬಂದರೆ ಮೊದಲು ರ‍್ಯಾಮ್.

ಬೇಲಿಹೂ:

ನೋಡಿದೆ ಸರ್. 9ರಲ್ಲಿ 5ಕ್ಕೆ ಕೋಡ್ ಇದೆ: 26, 10, 80, 26, 59. ನಾಲ್ಕು ಸೊನ್ನೆ. ಆ ನಾಲ್ಕರಲ್ಲಿ ಒಂದಕ್ಕೆ ಬಟನ್ ಸಾಲಿನಲ್ಲಿ ಉದ್ದದ ಸಂಖ್ಯೆ ಇದೆ, ಹ್ಯಾಂಗ್ ಆಗಿ ನಾನೇ ಒತ್ತಿದ್ದು ಅದು. ಎರಡು ಕರೆಂಟ್ ಹೋದ ಹೊತ್ತಿಗೆ ಸರಿಯಾಗಿ ಹೊಂದುತ್ತವೆ. ಉಳಿದ ಒಂದು ಗೇಮ್ ಮಧ್ಯೆ ಆಗಿದ್ದು. ನೀಲಿ ಪರದೆ ಹೊಸ ರ‍್ಯಾಮ್ ಹಾಕುವ ಮುಂಚೆ ಇರಲಿಲ್ಲ. ಕರೆಂಟ್ ಹೋದಾಗ ರೀಸ್ಟಾರ್ಟ್ ಆಗೋದು ಮುಂಚೆಯೂ ಇತ್ತು.

ಸ್ಲಾಟ್‌ನಾಲ್ಕು:

ಹಾಗಾದರೆ ನೀಲಿ ಪರದೆಯ ಭಾಗ ಹೇಳ್ತೀನಿ. ಎರಡು ಬೇರೆ ಕಿಟ್ (ಜೋಡಿ) ಬೆರೆಸಿ, ನಾಲ್ಕೂ ಸ್ಲಾಟ್ ತುಂಬಿ, 3200ರಲ್ಲಿ ಓಡಿಸ್ತಿದ್ದೀರಿ. ರ‍್ಯಾಮ್ ಪೊಟ್ಟಣದ ಮೇಲಿನ ವೇಗ ಆ ಕಿಟ್ ಒಂದಕ್ಕೇ ಪರೀಕ್ಷೆ ಮಾಡಿ ಬರೆದದ್ದು, ಪಕ್ಕದಲ್ಲಿ ಬೇರೆಯವರ ಕಿಟ್ ಇದ್ದಾಗ ಆ ಮಾತು ನಡೆಯೋದಿಲ್ಲ. ರೈಜನ್ 3000 ಸರಣಿಗೆ ಎಎಂಡಿ ಕೊಟ್ಟ ಮಿತಿಯೇ ಹೀಗಿದೆ (ರ‍್ಯಾಂಕ್ ಅಂದರೆ ಒಟ್ಟಿಗೆ ಕೆಲಸ ಮಾಡುವ ಚಿಪ್‌ಗಳ ಗುಂಪು): ಎರಡು ರ‍್ಯಾಮ್ ಇದ್ದರೆ 3200, ನಾಲ್ಕು ಸಿಂಗಲ್ ರ‍್ಯಾಂಕ್ ಇದ್ದರೆ 2933, ನಾಲ್ಕು ಡ್ಯುಯಲ್ ರ‍್ಯಾಂಕ್ ಇದ್ದರೆ 2667. ಅದಕ್ಕಿಂತ ಮೇಲೆ ಓಡಿದರೆ ಅದೃಷ್ಟ. ಸಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್‌ನ ಎಸ್‌ಪಿಡಿ ಟ್ಯಾಬ್‌ನಲ್ಲಿ ರ‍್ಯಾಂಕ್ ಕಾಣುತ್ತೆ.

ಪರೀಕ್ಷೆಗೆ ಮೆಮ್‌ಟೆಸ್ಟ್86+ ಅನ್ನು ಪೆನ್‌ಡ್ರೈವ್‌ಗೆ ಹಾಕಿ ಅದರಿಂದ ಬೂಟ್ ಮಾಡಿ. ವಿಂಡೋಸ್‌ನಲ್ಲೇ ಇರುವ ಮೆಮೊರಿ ಡಯಾಗ್ನೊಸ್ಟಿಕ್ ಬೇಗ ಮುಗಿದು ಎಲ್ಲ ಸರಿ ಅಂದುಬಿಡುತ್ತೆ, ಅದನ್ನು ನಂಬಿ ಕೂರಬೇಡಿ. ಪೆನ್‌ಡ್ರೈವ್ ಬೂಟ್ ಆಗದಿದ್ದರೆ ಸೆಕ್ಯೂರ್ ಬೂಟ್ ಆಫ್ ಮಾಡಬೇಕಾಗಬಹುದು. ಬಿಟ್‌ಲಾಕರ್ (ವಿಂಡೋಸ್‌ನ ಡಿಸ್ಕ್ ಬೀಗ) ಆನ್ ಇದ್ದರೆ ಬಯಾಸ್ ಮುಟ್ಟುವ ಮುಂಚೆ ರಿಕವರಿ ಕೀ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಆಮೇಲೆ ಹುಡುಕಿದರೆ ಪ್ರಯೋಜನವಿಲ್ಲ.

ಮೊದಲ ರಾತ್ರಿ ಈಗ ಇರೋ ಹಾಗೇ ನಾಲ್ಕು ರ‍್ಯಾಮ್, 3200, ಕನಿಷ್ಠ 4 ಪಾಸ್ (ಪೂರ್ತಿ ಸುತ್ತು). ಒಂದೇ ಒಂದು ಕೆಂಪು ಸಾಲು ಬಂದರೂ ಫೇಲ್. ರ‍್ಯಾಮ್ ವಿಷಯದಲ್ಲಿ "ಸ್ವಲ್ಪ ತಪ್ಪು" ಅನ್ನೋದಿಲ್ಲ, ಆ ಒಂದು ಬಿಟ್ ನಿಮ್ಮ ಮನೆಯ ಲೆಕ್ಕದ ಫೈಲ್‌ನಲ್ಲೇ ಇರಬಹುದು. ಫೇಲ್ ಆದರೆ ಹಳೆಯ ಜೋಡಿ ಮಾತ್ರ, ಪ್ರೊಸೆಸರ್ ಕಡೆಯಿಂದ ಎಣಿಸಿ 2 ಮತ್ತು 4ನೇ ಸ್ಲಾಟ್‌ನಲ್ಲಿ. ಆಮೇಲೆ ಹೊಸ ಜೋಡಿ ಮಾತ್ರ, ಅದೇ ಸ್ಲಾಟ್‌ಗಳಲ್ಲಿ. ಎರಡು ಜೋಡಿಯೂ ಬೇರೆ ಬೇರೆಯಾಗಿ ಪಾಸಾಗಿ, ಸೇರಿದಾಗ ಮಾತ್ರ ಫೇಲ್ ಆದರೆ ಯಾವುದೂ ಕೆಟ್ಟಿಲ್ಲ, ಜೊತೆ ಹೊಂದುತ್ತಿಲ್ಲ. ಆಗ ವೇಗವನ್ನು 2666ಕ್ಕೆ ಇಳಿಸಿ ನಾಲ್ಕನ್ನೂ ಹಾಕಿ ನೋಡಿ. ಒಂದು ಜೋಡಿಯೇ ಫೇಲ್ ಆದರೆ ಎಕ್ಸ್‌ಎಂಪಿ ಆಫ್ ಮಾಡಿ, ಅದರಲ್ಲಿ ಒಂದೊಂದನ್ನೇ ಒಂದೇ ಸ್ಲಾಟ್‌ನಲ್ಲಿ ಪರೀಕ್ಷಿಸಿ, ಫೇಲ್ ಆದದ್ದನ್ನು ವಾರಂಟಿಗೆ ಕಳಿಸಿ.

ರ‍್ಯಾಮ್‌ನ ಚಿನ್ನದ ಅಂಚನ್ನು ರಬ್ಬರ್‌ನಿಂದ ಉಜ್ಜುವ ರೂಢಿ ನಮ್ಮಲ್ಲಿದೆ. ಬೇಡ. ಲೇಪ ಸವೆಯುತ್ತೆ, ಪುಡಿ ಸ್ಲಾಟ್‌ಗೆ ಬೀಳುತ್ತೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಎರಡೂ ತುದಿ ಟಕ್ ಅನ್ನುವವರೆಗೆ ಒತ್ತಿ.

ನೀವು ಫಾರ್ಮ್ಯಾಟ್ ಮಾಡಿದರೂ ಸರಿಹೋಗದ್ದು ಸಹಜವೇ. ವಿಂಡೋಸ್ ಇನ್‌ಸ್ಟಾಲ್ ಆಗುವಾಗ ಪ್ರತಿ ಫೈಲೂ ಇದೇ ರ‍್ಯಾಮ್ ಮೂಲಕ ಹಾದು ಎಸ್‌ಎಸ್‌ಡಿಗೆ ಹೋಗುತ್ತೆ. ಹೊಸ ವಿಂಡೋಸೇ ತಪ್ಪಾಗಿ ಬರೆದುಕೊಂಡಿರಬಹುದು. ರ‍್ಯಾಮ್ ಸರಿಹೋದ ಮೇಲೆ, ಮುಂಚೆ ಅಲ್ಲ, ಅಡ್ಮಿನ್ ಟರ್ಮಿನಲ್‌ನಲ್ಲಿ ಮೊದಲು ಡಿಸ್ಮ್‌ನ ರಿಸ್ಟೋರ್‌ಹೆಲ್ತ್ ಓಡಿಸಿ, ಅದು ಮುಗಿದ ಮೇಲೆ ಎಸ್‌ಎಫ್‌ಸಿ ಸ್ಕ್ಯಾನ್‌ನೌ. ಕ್ರಮ ಮುಖ್ಯ: ಎಸ್‌ಎಫ್‌ಸಿ ತನ್ನ ಹತ್ತಿರವಿರುವ ಪ್ರತಿಯಿಂದ ಫೈಲ್ ಸರಿಪಡಿಸುತ್ತೆ, ಡಿಸ್ಮ್ ಸರಿಮಾಡುವುದು ಆ ಪ್ರತಿಯನ್ನೇ.

ತಂತಿಬೇಲಿ:

ಕಪ್ಪು ಪರದೆಗಿಂತ ಮೊದಲು ಆ ಜುಮ್ ಅನ್ನೋದನ್ನು ನೋಡಿ. ಇವತ್ತೇ. ಎಸ್‌ಎಂಪಿಎಸ್ ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್‌ನಿಂದ ಬಾಡಿಗೂ ನ್ಯೂಟ್ರಲ್‌ನಿಂದ ಬಾಡಿಗೂ ಇರುತ್ತವೆ. ಅರ್ಥಿಂಗ್ ಸರಿ ಇದ್ದರೆ ಆ ಚಿಕ್ಕ ಸೋರಿಕೆ ನೆಲಕ್ಕೆ ಹೋಗುತ್ತೆ. ಅರ್ಥ್ ತಂತಿ ಕಡಿದಿದ್ದರೆ ಇಡೀ ಕ್ಯಾಬಿನೆಟ್ ಮೇನ್ಸ್‌ನ ಅರ್ಧದಷ್ಟು, ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತಿರುತ್ತೆ. ಕರೆಂಟ್ ಪ್ರಮಾಣ ಕಡಿಮೆ, ಅದಕ್ಕೇ ಜುಮ್ ಅಂತ ಮಾತ್ರ ಅನ್ನೋದು. ಆದರೆ ನಾಳೆ ಒಳಗೆ ನಿಜವಾದ ಶಾರ್ಟ್ ಆದರೆ ಕಾಯುವವರು ಯಾರೂ ಇರೋದಿಲ್ಲ.

ಎಲೆಕ್ಟ್ರಿಷಿಯನ್ ಕರೆದು ಪ್ಲಗ್‌ನಲ್ಲಿ ಅಳೆಸಿ. ಫೇಸ್-ನ್ಯೂಟ್ರಲ್ 230ರ ಆಸುಪಾಸು, ಫೇಸ್-ಅರ್ಥ್ ಹೆಚ್ಚುಕಡಿಮೆ ಅಷ್ಟೇ, ನ್ಯೂಟ್ರಲ್-ಅರ್ಥ್ ಎರಡು ಮೂರು ವೋಲ್ಟ್ ಒಳಗೆ ಇರಬೇಕು. ಗೋಡೆಯ ಪ್ಲಗ್‌ನಲ್ಲೂ ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲೂ ಅಳೆಯಿರಿ, ಮಧ್ಯದ ಅಗ್ಗದ ಮಲ್ಟಿಪ್ಲಗ್‌ನಲ್ಲೇ ಅರ್ಥ್ ಕಡಿದಿರೋದು ಬಹಳ. ಲೋಡ್ ಇದ್ದರೂ ನ್ಯೂಟ್ರಲ್-ಅರ್ಥ್ ಖಚಿತ ಸೊನ್ನೆ ತೋರಿಸಿದರೆ ಪ್ಲಗ್ ಬಿಚ್ಚಿ ನೋಡಿಸಿ. ಕೆಲವರು ನ್ಯೂಟ್ರಲ್‌ನಿಂದಲೇ ಅರ್ಥ್ ಪಿನ್‌ಗೆ ಲೂಪ್ ಹಾಕಿಬಿಡ್ತಾರೆ. ಹಿಂದೆಲ್ಲಾದರೂ ನ್ಯೂಟ್ರಲ್ ಕಡಿದರೆ ಆ ಲೂಪ್ ಮೂಲಕ ಪೂರ್ತಿ 230 ವೋಲ್ಟ್ ಕ್ಯಾಬಿನೆಟ್‌ಗೆ ಬರುತ್ತೆ. ಒಪ್ಪಲೇಬೇಡಿ.

ಅರ್ಥಿಂಗ್ ಸರಿಮಾಡಿದರೆ ಕ್ರ್ಯಾಶ್ ನಿಲ್ಲುತ್ತೆ ಅಂತ ನಾನು ಹೇಳ್ತಿಲ್ಲ. ಅದು ಜೀವದ ಮಾತು, ಬೇರೆ.

ಈಗ ಕರೆಂಟ್ ಹೋದಾಗಿನ ಎರಡು ಕ್ರ್ಯಾಶ್. ನಮ್ಮ 50 ಹರ್ಟ್ಸ್ ಕರೆಂಟ್‌ನ ಒಂದು ಸುತ್ತು 20 ಮಿಲಿಸೆಕೆಂಡ್. ಇನ್‌ಪುಟ್ ನಿಂತ ಮೇಲೆ ಹೊಸ ಎಸ್‌ಎಂಪಿಎಸ್ ಕೂಡ ಪೂರ್ತಿ ಲೋಡ್‌ನಲ್ಲಿ ತಡೆದುಕೊಳ್ಳೋದು ಸುಮಾರು 16 ಮಿಲಿಸೆಕೆಂಡ್. ಇನ್ವರ್ಟರ್ ಅದರೊಳಗೆ ಬದಲಾಯಿಸಿದರೆ ಕಂಪ್ಯೂಟರ್ ಉಳಿಯುತ್ತೆ, ತಡವಾದರೆ ರೀಸ್ಟಾರ್ಟ್. ಹೆಚ್ಚಿನ ಮನೆ ಇನ್ವರ್ಟರ್‌ಗಳ ಹಿಂದೆ ಒಂದು ಚಿಕ್ಕ ಸ್ವಿಚ್ ಇರುತ್ತೆ: ಯುಪಿಎಸ್ ಮತ್ತು ನಾರ್ಮಲ್ (ಕೆಲವದರಲ್ಲಿ ಇಕೊ). ನಾರ್ಮಲ್‌ನಲ್ಲಿ ಬದಲಾವಣೆ ನಿಧಾನ, ಜೊತೆಗೆ ವೋಲ್ಟೇಜ್ ತೀರಾ ಕುಸಿದರೂ ಅದನ್ನೇ ಒಳಗೆ ಬಿಡುತ್ತೆ. ಯುಪಿಎಸ್ ಕಡೆ ತಿರುಗಿಸಿ. ಸಂಜೆ ವೋಲ್ಟೇಜ್ ಬಿದ್ದಾಗ ಬ್ಯಾಟರಿಗೆ ಪದೇಪದೇ ಹೋಗಬಹುದು, ಅದು ಸಹಜ. ಇನ್ವರ್ಟರ್ ಸ್ಕ್ವೇರ್ ವೇವ್ ಆಗಿದ್ದರೆ ಮಾತ್ರ ಕಂಪ್ಯೂಟರನ್ನು ಅದರಿಂದ ತೆಗೆಯಿರಿ, ಆಕ್ಟಿವ್ ಪಿಎಫ್‌ಸಿ (ಕರೆಂಟನ್ನು ಸಮವಾಗಿ ಎಳೆಯುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್‌ಗೆ ಅದು ಒಗ್ಗೋದಿಲ್ಲ.

ಉಳಿದದ್ದು ಗೇಮ್ ಮಧ್ಯದ ಒಂದು. ಲೆಕ್ಕ ಹಾಕಿ: 3600 ಹೆಚ್ಚೆಂದರೆ 88 ವ್ಯಾಟ್, 1660 ಸೂಪರ್ 125, ಬೋರ್ಡ್, ಫ್ಯಾನ್, ಎಸ್‌ಎಸ್‌ಡಿ ಎಲ್ಲ ಸೇರಿ 50. ಒಟ್ಟು 265ರ ಹತ್ತಿರ. 450 ವ್ಯಾಟ್ ಸಾಕಷ್ಟಾಯಿತು, 750ರದ್ದು ಕೊಳ್ಳಬೇಕು ಅಂತ ಯಾರಾದರೂ ಅಂದರೆ ಕೇಳಬೇಡಿ. ತೊಂದರೆ ಇದ್ದರೆ ಅದು ವಯಸ್ಸಿನದು: ಕೆಪಾಸಿಟರ್ ಒಣಗಿ ಕ್ಷಣಿಕ ಏರಿಳಿತ ತಡೆಯದೆ ಹೋಗೋದು. ಮಲ್ಟಿಮೀಟರ್‌ನಲ್ಲಿ ಹಳದಿ-ಕಪ್ಪು ತಂತಿ ನಡುವೆ 11.4ರಿಂದ 12.6 ವೋಲ್ಟ್ ಬರಬೇಕು. ಆಚೆ ಹೋದರೆ ಎಸ್‌ಎಂಪಿಎಸ್ ಕೆಟ್ಟಿದೆ. ಒಳಗಿದ್ದರೆ ಚೆನ್ನಾಗಿದೆ ಅಂತಲ್ಲ, ಮೀಟರ್ ತೋರಿಸೋದು ಸರಾಸರಿ, ಕ್ಷಣದ ಕುಸಿತ ಅದಕ್ಕೆ ಕಾಣೋದಿಲ್ಲ. ಹಸಿರು ತಂತಿಯನ್ನು ಕಪ್ಪಿಗೆ ಸೇರಿಸಿ ಫ್ಯಾನ್ ತಿರುಗಿತು ಅನ್ನೋ ಪರೀಕ್ಷೆಯೂ ಅಷ್ಟೇ, ಆನ್ ಆಗುತ್ತೆ ಅಂತ ಮಾತ್ರ ಗೊತ್ತಾಗೋದು. ಎಸ್‌ಎಂಪಿಎಸ್ ಡಬ್ಬ ಬಿಚ್ಚಬೇಡಿ. ಪ್ಲಗ್ ತೆಗೆದ ಮೇಲೂ ಒಳಗೆ 300 ವೋಲ್ಟ್‌ಗೂ ಮೇಲೆ ಉಳಿದಿರಬಹುದು.

ಬಿಸಿಗಾಳಿ:

ತಂತಿಬೇಲಿಯವರ ಮಾತಿಗೆ ಒಂದು ಸೇರಿಸ್ತೀನಿ. ಗೇಮ್ ಮಧ್ಯೆ ಒಮ್ಮೆ ಆಗಿದ್ದಕ್ಕೆ ಎಸ್‌ಎಂಪಿಎಸ್ ಕೊಳ್ಳುವ ಮುಂಚೆ ಬಿಸಿ ನೋಡಿ. ಎಚ್‌ಡಬ್ಲ್ಯೂಇನ್ಫೊ (ಬಿಸಿ ತೋರಿಸುವ ಸಾಫ್ಟ್‌ವೇರ್) ತೆರೆದಿಟ್ಟು ಅರ್ಧ ಗಂಟೆ ಅದೇ ಗೇಮ್ ಆಡಿ, ಗರಿಷ್ಠ ಕಾಲಮ್ ನೋಡಿ. 3600ರ ಮಿತಿ 95 ಡಿಗ್ರಿ. ಬೇಸಿಗೆಯಲ್ಲಿ 80ರ ಆಸುಪಾಸು ಬಂದರೆ ಗಾಬರಿ ಬೇಡ. 95ಕ್ಕೆ ಅಂಟಿಕೊಂಡಿದ್ದರೆ ಕೂಲರ್ ಧೂಳು ತೆಗೆದು, ಪ್ರೊಸೆಸರ್ ಮೇಲಿನ ಹಳೆ ಥರ್ಮಲ್ ಪೇಸ್ಟ್ ಒರೆಸಿ, ಬಟಾಣಿ ಗಾತ್ರದಷ್ಟು ಹೊಸದು ಹಾಕಿ. ಕೂಲರ್ ಎತ್ತುವಾಗ ಎಳೆಯಬೇಡಿ, ಆ ಕಡೆ ಈ ಕಡೆ ಸ್ವಲ್ಪ ತಿರುಗಿಸಿ ಬಿಡಿಸಿ. ಇಲ್ಲದಿದ್ದರೆ ಪ್ರೊಸೆಸರೇ ಸಾಕೆಟ್‌ನಿಂದ ಕಿತ್ತುಬಂದು ಪಿನ್ ಬಾಗುತ್ತೆ. ಬಿಸಿಯಿಂದಾದರೆ ಮೊದಲು ಗೇಮ್ ನಿಧಾನವಾಗುತ್ತೆ, ಆಫ್ ಆಗೋದು ಆಮೇಲೆ. ನಿಧಾನವಾಗದೆ ಥಟ್ಟನೆ ಹೋದರೆ ಪ್ರೊಸೆಸರ್ ಬಿಸಿ ಕಾರಣವಾಗಿರೋದು ಕಡಿಮೆ.

ಇವೆಂಟ್ ವ್ಯೂವರ್‌ನಲ್ಲಿ ಡಬ್ಲ್ಯೂಎಚ್‌ಇಎ-ಲಾಗರ್ 18 (ಹಾರ್ಡ್‌ವೇರ್ ತಪ್ಪಿನ ದಾಖಲೆ) ಇದೆಯೇ ಅಂತಲೂ ಹುಡುಕಿ. ಅದಿದ್ದರೆ ಪ್ರೊಸೆಸರ್ ಅಥವಾ ಅದಕ್ಕೆ ಹೋಗುವ ವೋಲ್ಟೇಜ್ ಕಡೆ ನೋಡಬೇಕು. ಸುಮ್ಮನೆ ಇಟ್ಟಾಗಲೇ ಕಪ್ಪಾಗೋದು ಶುರುವಾದರೆ, ಬಯಾಸ್‌ನಲ್ಲಿ ಪವರ್ ಸಪ್ಲೈ ಐಡಲ್ ಕಂಟ್ರೋಲ್ ಅನ್ನೋದನ್ನು ಟಿಪಿಕಲ್ ಕರೆಂಟ್ ಐಡಲ್‌ಗೆ ಇಡಿ. ತೀರಾ ಕಡಿಮೆ ಲೋಡ್ ತಡೆಯದ ಹಳೆ ಎಸ್‌ಎಂಪಿಎಸ್‌ಗಳಿಗೆ ಅದು ನೆರವಾಗುತ್ತೆ.

ಬೇಲಿಹೂ:

ಎಲ್ಲ ಮಾಡಿದೆ. ನಾಲ್ಕು ರ‍್ಯಾಮ್ 3200ರಲ್ಲಿ: ಮೊದಲ ಪಾಸ್‌ನಲ್ಲೇ 37 ಎರರ್. ಹಳೆ ಜೋಡಿ 4 ಪಾಸ್ ಸ್ವಚ್ಛ, ಹೊಸ ಜೋಡಿಯೂ ಸ್ವಚ್ಛ. ನಾಲ್ಕೂ 2666ರಲ್ಲಿ 4 ಪಾಸ್ ಸ್ವಚ್ಛ. ಡಿಸ್ಮ್, ಎಸ್‌ಎಫ್‌ಸಿ ಆಯ್ತು, ಕೆಟ್ಟ ಫೈಲ್ ಸಿಕ್ಕಿ ಸರಿಹೋಯ್ತು. ಗೋಡೆಯ ಪ್ಲಗ್‌ನಲ್ಲಿ ಅರ್ಥ್ ಸರಿಯಿದೆ, ಎಕ್ಸ್‌ಟೆನ್ಷನ್ ಬಾಕ್ಸ್‌ನಲ್ಲಿ ಅರ್ಥ್ ತಂತಿಯೇ ಇರಲಿಲ್ಲ. ಬಾಕ್ಸ್ ಬದಲಾಯಿಸಿದೆ, ಜುಮ್ ಅನ್ನೋದು ನಿಂತಿದೆ. ಇನ್ವರ್ಟರ್ ನಾರ್ಮಲ್‌ನಲ್ಲಿತ್ತು, ಯುಪಿಎಸ್‌ಗೆ ಹಾಕಿದೆ. ಗೇಮ್‌ನಲ್ಲಿ ಗರಿಷ್ಠ 78 ಡಿಗ್ರಿ, ಡಬ್ಲ್ಯೂಎಚ್‌ಇಎ ಇಲ್ಲ, 12 ವೋಲ್ಟ್ ಸಾಲಿನಲ್ಲಿ 11.9. ಈಗ ಎಸ್‌ಎಂಪಿಎಸ್ ಕೊಳ್ಳಲೋ, ಬೇಡವೋ?

ತಂತಿಬೇಲಿ:

ಈಗ ಬೇಡ. ವಾರಕ್ಕೆ ಮೂರು ಕ್ರ್ಯಾಶ್ ಆಗ್ತಿದ್ದ ಗಣಕಯಂತ್ರ ನಾಲ್ಕು ದಿನ ಸುಮ್ಮನಿದ್ದರೆ ಅದಕ್ಕೆ ಅರ್ಥವಿಲ್ಲ, ಮೂರು ವಾರ ಬಿಡಿ. ಗೇಮ್ ಮಧ್ಯದ ಆ ಒಂದು ಕೂಡ ಹೊತ್ತು ಬರೆದಿಟ್ಟುಕೊಳ್ಳದ ವೋಲ್ಟೇಜ್ ಕುಸಿತ ಆಗಿರಬಹುದು, ಸಂಪ್ ಮೋಟರ್ ಆನ್ ಆದಾಗಲೂ ಹಾಗಾಗುತ್ತೆ. ಮತ್ತೆ ಕೋಡ್ ಸೊನ್ನೆಯ ಕ್ರ್ಯಾಶ್ ಲೋಡ್‌ನಲ್ಲಿ ಬಂದರೆ ಯಾರದಾದರೂ ಒಳ್ಳೆಯ ಎಸ್‌ಎಂಪಿಎಸ್ ಒಂದು ವಾರಕ್ಕೆ ಹಾಕಿ ನೋಡಿ. ಆಗ ನಿಂತರೆ 550 ವ್ಯಾಟ್‌ನ, 80 ಪ್ಲಸ್ ಬ್ರಾಂಜ್ (ದಕ್ಷತೆಯ ದರ್ಜೆ) ಇರೋದು ತಗೊಳ್ಳಿ. ಮಾಡ್ಯುಲರ್ ಆಗಿದ್ದರೆ ಹಳೆಯದರ ಕೇಬಲ್ ಹೊಸದಕ್ಕೆ ಚುಚ್ಚಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ ಜೋಡಣೆ ಕಂಪನಿಗೊಂದು ಥರ ಇರುತ್ತೆ, ಕನೆಕ್ಟರ್ ಸರಿಯಾಗೇ ಕೂರುತ್ತೆ, 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಎಸ್‌ಎಸ್‌ಡಿ ಸುಟ್ಟುಹೋಗುತ್ತೆ.

ಸ್ಲಾಟ್‌ನಾಲ್ಕು:

ಮೂರು ವಾರ ಮುಗಿಯೋವರೆಗೆ ರ‍್ಯಾಮ್ ವೇಗ ಮುಟ್ಟಬೇಡಿ, ಬಯಾಸ್ ಅಪ್‌ಡೇಟ್ ಕೂಡ ಬೇಡ. ಎರಡು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಹೋಯ್ತು ಅಂತ ಗೊತ್ತಾಗೋದಿಲ್ಲ. ಆಮೇಲೆ ಬೇಕಿದ್ದರೆ 2933 ಪ್ರಯತ್ನಿಸಿ, ಮತ್ತೆ 4 ಪಾಸ್ ಓಡಿಸಿಯೇ ಬಳಸಿ. ಆ 37 ಎರರ್ ಇದ್ದ ಎರಡು ತಿಂಗಳಲ್ಲಿ ನಕಲು ಮಾಡಿದ ಫೋಟೊ, ಜಿಪ್ ಫೈಲ್, ಬ್ಯಾಕಪ್ ಇವನ್ನು ಒಮ್ಮೆ ತೆರೆದು ನೋಡಿ. ಮೂಲ ಫೋನ್‌ನಲ್ಲೋ ಕಾರ್ಡ್‌ನಲ್ಲೋ ಇನ್ನೂ ಇದ್ದರೆ ಅಳಿಸುವ ಮುಂಚೆ ಮತ್ತೊಮ್ಮೆ ಕಾಪಿ ಮಾಡಿಕೊಳ್ಳಿ.