ಆರಿದ್ರ ಮಳೆಯಲ್ಲಿ ಆರದ ಶಾಯಿ

ಆರಿದ್ರ ಮಳೆ ಆರದೆ ಹೊಯ್ಯುತ್ತದೆ ಎಂಬ ಗಾದೆ ಮಳೆಗೆ ಮಾತ್ರ ಸೇರಿದ್ದೆಂದು ನಾನು ನಂಬಿದ್ದೆ. ನೀರಿನ ಟ್ಯಾಂಕು ತುಂಬಿದಾಗ ಕೂಗುವ ಅಲಾರಮ್ಮಿಗೆಂದು, ಹೊಟ್ಟೆ ಕೊಯ್ದು ಎತ್ತರಿಸಿದ ಹಳೆಯ ಇಂಕ್‌ಜೆಟ್ ಪ್ರಿಂಟರಿನಿಂದ ತಾಮ್ರದ ಬೋರ್ಡಿನ ಮೇಲೆ ನಾನು ನೇರವಾಗಿ ಮುದ್ರಿಸಿದ್ದ ಸರ್ಕ್ಯೂಟಿನ ಗೆರೆಗಳು ಮೂರನೆಯ ದಿನವೂ ಬೆರಳಿಗೆ ಅಂಟಿದಾಗ ಆ ನಂಬಿಕೆ ಹೋಯಿತು.

ಮೂಡಿಗೆರೆಯ ನಮ್ಮ ಜಗಲಿಯಲ್ಲಿ ಕಾಫಿ ಹೀರುತ್ತಿದ್ದ ತೋಟದ ಗೌಡರು, "ಬಿಸಿಲಿಗೆ ಹರವಿ ಮಾರಾಯರೆ, ಪಾರ್ಚ್‌ಮೆಂಟ್ ಕಾಫಿಯ ಹಾಗೆ ಆಗಾಗ ಕೈಯಾಡಿಸಿ," ಎಂದರು. ಜೂನ್ ಕೊನೆಯಲ್ಲಿ ಬಿಸಿಲನ್ನು ಕಡೂರಿನಿಂದ ತರಿಸಬೇಕೇ ಎಂದು ನಾನು ಕೇಳಿದೆ.

"ಬಿಸಿಲಿದ್ದರೂ ಅಷ್ಟೇ," ಎಂದರು ಭೌತಶಾಸ್ತ್ರದ ಮೇಷ್ಟ್ರು. "ಕಾಗದದ ಮೇಲೆ ಶಾಯಿ ಬೇಗ ಒಣಗಿದಂತೆ ಕಾಣುವುದು ಕಾಗದವು ಅದನ್ನು ಕುಡಿಯುವುದರಿಂದ. ತಾಮ್ರ ಕುಡಿಯುವುದಿಲ್ಲ."

"ಅಂತೂ ನಮ್ಮೂರಿನಲ್ಲಿ ಕುಡಿಯದವರೊಬ್ಬರು ಸಿಕ್ಕಿದರು," ಎಂದರು ಗೌಡರು.

ಮೇಷ್ಟ್ರು ನಗದೆ ಮುಂದುವರಿಸಿದರು. ಪ್ರಿಂಟರಿನ ಮೂತಿ ಕಟ್ಟಿಕೊಳ್ಳದಿರಲೆಂದು ಶಾಯಿಗೆ ಗ್ಲಿಸರಿನ್‌ನಂತಹ ದ್ರವಗಳನ್ನು ಬೆರೆಸಿರುತ್ತಾರೆ. ನೀರು ಆವಿಯಾಗಿ ಹೋದರೂ 290 ಡಿಗ್ರಿಯಲ್ಲಿ ಕುದಿಯುವ ಗ್ಲಿಸರಿನ್ ಉಂಡ ಮನೆ ಬಿಡದ ನೆಂಟನಂತೆ ಕುಳಿತೇ ಇರುತ್ತದೆ. ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು; ಅದು ಗಾಳಿಯಲ್ಲಿರುವ ತೇವವನ್ನೂ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತದೆ, ಮಲೆನಾಡಿನ ಮಳೆಗಾಲದಲ್ಲಿ ಆ ನೆಂಟನ ಬಳಗಕ್ಕೆ ಕೊರತೆಯೇ ಇಲ್ಲ.

"ಹಾಗಾದರೆ ಹುರಿಯಬೇಕು," ಎಂದು ಗೌಡರು ಕಾಫಿಯವರಿಗೆ ಸಹಜವಾದ ತೀರ್ಪು ಕೊಟ್ಟರು. ಆಶ್ಚರ್ಯವೆಂದರೆ ಮೇಷ್ಟ್ರೂ ಒಪ್ಪಿದರು. ಆದರೆ ಸಾದಾ ಡೈ ಶಾಯಿಯನ್ನು ಎಷ್ಟು ಹುರಿದರೂ ಶಾಯಿ ಮುಚ್ಚದ ತಾಮ್ರವನ್ನು ತಿಂದು ಗೆರೆಗಳನ್ನಷ್ಟೇ ಉಳಿಸಬೇಕಾದ ಫೆರಿಕ್ ಕ್ಲೋರೈಡಿನ ನೀರಿನಲ್ಲಿ ಅದು ಕರಗಿಹೋಗುತ್ತದೆಂದೂ, ರಾಳ ಬೆರೆತ ಪಿಗ್ಮೆಂಟ್ ಶಾಯಿಯಾದರೆ ಸುಮಾರು 200 ಡಿಗ್ರಿಯ ಕಾವಿನಲ್ಲಿ ಕಾಲು ಗಂಟೆ ಬೆಂದು ಪೊರೆಯಾಗಿ ಕಚ್ಚಿಕೊಳ್ಳುತ್ತದೆಂದೂ ಹೇಳಿದರು. ತಾಮ್ರವನ್ನು ಮೊದಲು ಉಜ್ಜಿ, ಜಿಡ್ಡು ತೆಗೆದು, ಅದೇ ಫೆರಿಕ್ ಕ್ಲೋರೈಡಿನಲ್ಲಿ ಕ್ಷಣಕಾಲ ಅದ್ದಿ ತೊಳೆದರೆ ಹನಿಗಳು ಮಣಿಗಟ್ಟದೆ ನಿಲ್ಲುತ್ತವೆಯಂತೆ.

ಶಾಯಿ ಬದಲಾಯಿತು. ಅಕ್ಕಿರೊಟ್ಟಿಯ ಕಾವಲಿಯನ್ನು ಮುಟ್ಟಕೂಡದೆಂದು ಒಳಗಿನಿಂದ ಆಜ್ಞೆ ಬಂದದ್ದರಿಂದ, ಅಟ್ಟದ ಮೇಲಿದ್ದ ಹಳೆಯ ಕಬ್ಬಿಣದ ಹಂಚು ಕೆಳಗಿಳಿಯಿತು. ನಾನು ಒಲೆ ಹೊತ್ತಿಸುವಷ್ಟರಲ್ಲಿ ಗೌಡರು "ಈಗಲಾದರೂ ಆರಿತೇ?" ಎಂದು ಗೆರೆಯೊಂದನ್ನು ಮುಟ್ಟಿ ನೋಡಿ, ಅದೇ ಹೆಬ್ಬೆರಳನ್ನು ಬೋರ್ಡಿನ ಖಾಲಿ ಮೂಲೆಗೆ ಒರೆಸಿದ್ದರು.

ಅಲಾರಂ ಈಗ ಚೆನ್ನಾಗಿಯೇ ಕೂಗುತ್ತಿದೆ. ಮೂಲೆಯಲ್ಲಿ ಗೌಡರ ಹೆಬ್ಬೆಟ್ಟೂ ತಾಮ್ರದಲ್ಲಿ ಉಳಿದಿದೆ. ತಮ್ಮ ತೋಟದ ಕ್ರಯಪತ್ರದಲ್ಲಿಯೂ ಅದು ಇಷ್ಟು ಚೆನ್ನಾಗಿ ಮೂಡಿಲ್ಲವೆಂದು ಅವರು ಬಂದವರಿಗೆಲ್ಲ ತೋರಿಸುತ್ತಾರೆ.